ಚನ್ನರಾಯಪ್ಪ ಮಗಳಿಗೆ ಮೊಟ್ಟೆ ತಿನ್ನಿಸಿದ್ದು

ಚನ್ನರಾಯಪ್ಪನಿಗೆ ಆವತ್ತು ಬೇಕಾಗಿದ್ದದ್ದು ಒಂದೇ ಒಂದು ಕೋಳಿಮೊಟ್ಟೆ. ಅದನ್ನು ಏಳು ವರ್ಷದ ಮಗಳ ಹೊಟ್ಟೆಗೆ ಸೇರಿಸಲು ಅವನು ಪಟ್ಟ ಪಾಡನ್ನು ದೇವರಾಯಸಮುದ್ರದ ಸುತ್ತಿನ ಜನ ಇವತ್ತಿಗೂ ಬೇರೆಯೇ ತರ ಹೇಳುತ್ತಾರೆ. ನಡೆದದ್ದು ಮಾತ್ರ ಹೀಗೆ.

ಎಪ್ಪತ್ತೊಂಬತ್ತನೇ ಇಸವಿ. ಸಂಕ್ರಾಂತಿ ಕಳೆದ ಮೇಲೆ ಅವನ ಊರಿನ ಮಕ್ಕಳಿಗೆ ಸಾಲುಸಾಲಾಗಿ ದಡಾರ ಬಂತು. ದಡಾರ ಎಂದು ಹೇಳುವವರು ಮುಳಬಾಗಿಲಿನ ಡಾಕ್ಟರು ಮಾತ್ರ. ಊರಿನಲ್ಲಿ ಅದಕ್ಕೆ ಅಮ್ಮ ಎದ್ದಿದೆ ಎನ್ನಬೇಕು. ಅಮ್ಮ ಎದ್ದ ಮನೆಯ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಬೇಕು, ಗಂಡಸರು ಕ್ಷೌರ ಮಾಡಿಸಿಕೊಳ್ಳಬಾರದು, ಒಗ್ಗರಣೆಯ ಸದ್ದು ಕೇಳಿಸಬಾರದು, ಮೊಟ್ಟೆ ಮಾಂಸದ ಹೆಸರೆತ್ತಬಾರದು. ತಪ್ಪಿದರೆ ತಾಯಿ ಮುನಿದು ಪಕ್ಕದ ಮನೆಗೂ ಕಾಲಿಡುತ್ತಾಳೆ. ಹಾಗಾಗಿ ಪಕ್ಕದ ಮನೆಯ ಮುನಿಯಲ್ಲಮ್ಮ ತನ್ನ ಒಲೆಯನ್ನು ಮರೆತು ಚನ್ನರಾಯಪ್ಪನ ಒಲೆಯನ್ನೇ ಕಾಯುತ್ತಿದ್ದಳು.

ಮಗಳು ಶ್ಯಾಮಲಳಿಗೆ ಜ್ವರ ಇಳಿದು ಎರಡು ದಿನವಾಗಿತ್ತು. ಮೈಮೇಲಿನ ಗುಳ್ಳೆಗಳೂ ಮಾಸುತ್ತಿದ್ದವು. ಆದರೆ ಎದ್ದು ಕೂರುವ ಶಕ್ತಿ ಹುಡುಗಿಗೆ ಇರಲಿಲ್ಲ. ಬೆಳಕು ಕಂಡರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಈ ರೋಗಕ್ಕೆ ಔಷಧಿ ಇಲ್ಲ, ಬಡಿದಾಡುವುದು ಮೈಯೇ, ಬಡಿದಾಡುವ ಮೈಗೆ ಊಟ ಬೇಕು ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಹಾಲು, ಮೊಟ್ಟೆ, ಸೊಪ್ಪು, ಪರಂಗಿ ಹಣ್ಣು ಕೊಡಿ, ಇಲ್ಲದಿದ್ದರೆ ಕಣ್ಣಿಗೇ ಬರುತ್ತದೆ ಎಂದೂ ಹೇಳಿದ್ದರು. ಆ ಕೊನೆಯ ಮಾತು ಚನ್ನರಾಯಪ್ಪನ ಎದೆಯಲ್ಲಿ ಮುಳ್ಳಿನ ಹಾಗೆ ಕೂತುಬಿಟ್ಟಿತ್ತು.

ಅವನು ರೇಷ್ಮೆ ಹುಳ ಸಾಕುವವನು. ಡಾಕ್ಟರ ಮಾತು ಅವನಿಗೆ ಹುಳದ ಲೆಕ್ಕದಲ್ಲಿ ಚೆನ್ನಾಗಿ ಅರ್ಥವಾಗಿತ್ತು. ಬೆಳಗ್ಗೆ ಎದ್ದವನೇ ತಾಯಿ ದೊಡ್ಡಮುನಿಯಮ್ಮನ ಮುಂದೆ ಹೋಗಿ ನಿಂತ.

"ಅಮ್ಮ, ಹುಳಕ್ಕೆ ಒಣಗಿದ ಸೊಪ್ಪು ಹಾಕಿದ್ರೆ ಏನಾಗುತ್ತೆ? ಹಾಲುತೊಂಡೆ ರೋಗ ಬಂದು ಮೈಯೆಲ್ಲ ಊದ್ಕೊಂಡು ಸಾಯ್ತವೆ. ಎಳೇ ಸೊಪ್ಪು ಹೊಟ್ಟೆ ತುಂಬ ಹಾಕಿದ್ರೆ ತಡ್ಕೊಳ್ತವೆ. ಹುಳಕ್ಕೆ ಎಳೇ ಸೊಪ್ಪು, ನಮ್ ಮಗೂಗೆ ನೀರ್ ಗಂಜಿ. ಇದು ಯಾವ ನ್ಯಾಯ? ಒಂದು ಮೊಟ್ಟೆ ಕೊಡಾಣ."

"ಮೊಟ್ಟೆ ಉಷ್ಣ," ಎಂದಳು ದೊಡ್ಡಮುನಿಯಮ್ಮ, ಬೀದಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ. ಪರಂಗಿ ಹಣ್ಣೂ ಉಷ್ಣವಂತೆ, ನುಗ್ಗೆ ಸೊಪ್ಪೂ ಉಷ್ಣವಂತೆ. ಡಾಕ್ಟರು ಬಾಯಿಬಿಟ್ಟು ಹೇಳಿದ್ದೆಲ್ಲ ಉಷ್ಣವೇ ಆಗಿತ್ತು. ಇನ್ನೊಂದು ಸಲ ಆ ಹೆಸರೆತ್ತಿದರೆ ಮಗ ಅನ್ನುವುದನ್ನೂ ನೋಡುವುದಿಲ್ಲ ಎಂದು ಅವಳು ಪೊರಕೆ ಕೈಗೆತ್ತಿಕೊಂಡಳು. ಹೆಂಡತಿ ಭಾರತಮ್ಮ ಮಗಳ ಪಕ್ಕದಲ್ಲಿ ಕೂತು ಕಣ್ಣೊರೆಸಿಕೊಳ್ಳುತ್ತಿದ್ದಳೇ ಹೊರತು ಅತ್ತೆಗೆ ಎದುರಾಡುವವಳಲ್ಲ.

ಹುಳ ಸಾಕುವ ಮನೆಯಲ್ಲಿ ಕೋಳಿ ಸಾಕುವ ಹಾಗಿಲ್ಲ. ಬಿಟ್ಟರೆ ಕೋಳಿ ಹುಳದ ತಟ್ಟೆಗೇ ಕೊಕ್ಕು ಹಾಕುತ್ತದೆ. ಚನ್ನರಾಯಪ್ಪ ಸೊಣ್ಣಪ್ಪನ ಅಂಗಡಿಗೆ ಹೋದ. ಬಾಗಿಲಿಗೆ ಬೇವು ಕಟ್ಟಿದವನು ಮೊಟ್ಟೆ ಕೇಳಿದರೆ ಸೊಣ್ಣಪ್ಪ ಕೊಡುತ್ತಾನೆಯೇ? ಅವನ ಮನೆಯಲ್ಲೂ ಮೊಮ್ಮಕ್ಕಳಿದ್ದರು. ಅದಕ್ಕೇ ಚನ್ನರಾಯಪ್ಪ, ಎತ್ತು ಮೇವು ಬಿಟ್ಟಿದೆ, ಹಸಿಮೊಟ್ಟೆ ಕುಡಿಸಬೇಕು ಎಂದು ಸುಳ್ಳು ಹೇಳಿದ. ಎತ್ತು ಅಂದದ್ದೇ ತಪ್ಪಾಯಿತು. ದನದ ಔಷಧಿಯ ವಿಷಯದಲ್ಲಿ ತನಗಿಂತ ಬಲ್ಲವರಿಲ್ಲ ಎಂದು ನಂಬಿದ್ದ ಸೊಣ್ಣಪ್ಪ ಅಂಗಡಿಗೆ ಬಾಗಿಲು ಹಾಕಿ, ಮೂರು ಮೊಟ್ಟೆ, ಬಿದಿರಿನ ಗೊಟ್ಟ ಹಿಡಿದು ಇವನ ಹಿಂದೆಯೇ ಕೊಟ್ಟಿಗೆಗೆ ಬಂದ. ಚೆನ್ನಾಗಿ ಮೇಯುತ್ತಿದ್ದ ಎತ್ತಿನ ಮೂತಿ ಎತ್ತಿಹಿಡಿದು ಮೂರನ್ನೂ ಗೊಟ್ಟದಿಂದ ಗಂಟಲಿಗೆ ಸುರಿದ. ಮಗಳ ಪಾಲಿನ ಮೊಟ್ಟೆ ಎತ್ತಿನ ಹೊಟ್ಟೆಗೆ ಇಳಿಯುವುದನ್ನು ನೋಡುತ್ತ ಚನ್ನರಾಯಪ್ಪನಿಗೆ ನಿಜವಾಗಿಯೂ ಅಳು ಬಂತು. ಎತ್ತಿನ ಮೇಲೆ ಇವನಿಗಿರುವ ಪ್ರೀತಿ ನೋಡಿ ಸೊಣ್ಣಪ್ಪನಿಗೂ ಕಣ್ಣು ತುಂಬಿತು.

ಆಮೇಲೆ ಚನ್ನರಾಯಪ್ಪ ಸೊಪ್ಪು ತರುತ್ತೇನೆ ಎಂದು ಬುಟ್ಟಿ ಹಿಡಿದು ಪಕ್ಕದೂರು ದೇವರಾಯಸಮುದ್ರದವರೆಗೆ ನಡೆದುಹೋದ. ಗುರುತಿಲ್ಲದ ಒಂದು ಮನೆಯಲ್ಲಿ ಎರಡು ಮೊಟ್ಟೆ ಕೇಳಿ ಪಡೆದು, ಹಿಪ್ಪುನೇರಳೆ ಸೊಪ್ಪಿನ ನಡುವೆ ಮುಚ್ಚಿಟ್ಟುಕೊಂಡು ಬಂದ. ಬೇಯಿಸುವುದಕ್ಕೆ ಜಾಗ ಆಗಲೇ ನೋಡಿಟ್ಟಿದ್ದ. ಹುಳದ ಕೋಣೆಗೆ ಹೊರಗಿನವರು ಯಾರೂ ಬರುವಂತಿಲ್ಲ. ಚಳಿಗಾಲವಾದ್ದರಿಂದ ಹುಳಗಳಿಗೆ ಬೆಚ್ಚಗಿರಲಿ ಎಂದು ಅಲ್ಲಿ ಕೆಂಡದ ಅಗ್ಗಿಷ್ಟಿಕೆ ಬೇರೆ ಇತ್ತು. ಬಾಗಿಲು ಹಾಕಿಕೊಂಡು ಚೊಂಬಿನಲ್ಲಿ ನೀರಿಟ್ಟು ಮೊಟ್ಟೆ ಬೇಯಿಸಿದ. ಹೊಗೆಗೆ ಕಣ್ಣು ಕೆಂಡದ ಬಣ್ಣಕ್ಕೆ ತಿರುಗಿದವು.

ಕುದಿಯುವ ನೀರಿನಿಂದ ಮೊಟ್ಟೆ ತೆಗೆಯುವುದಕ್ಕೂ ಹೊರಗೆ ಮುನಿಯಲ್ಲಮ್ಮ ಕೂಗುವುದಕ್ಕೂ ಸರಿಹೋಯಿತು. ಏನೋ ವಾಸನೆ ಬರುತ್ತಿದೆಯಲ್ಲ ಎಂದು ಅವಳ ಅನುಮಾನ. ಗಾಬರಿಯಲ್ಲಿ ಎರಡೂ ಮೊಟ್ಟೆಗಳನ್ನು ಪಂಚೆಯ ಮಡಿಕೆಗೆ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ಅವನು ಹೊರಗೆ ಬಂದ.

ಮುನಿಯಲ್ಲಮ್ಮ ಬಂದರೆ ಒಂದು ಮಾತಿಗೆ ಹೋಗುವವಳಲ್ಲ. ಹುಳ ಎಷ್ಟನೇ ಜ್ವರದಲ್ಲಿವೆ, ಎಷ್ಟು ಸಲ ಪೊರೆ ಬಿಟ್ಟಿವೆ ಎಂದು ಶುರುಮಾಡಿ ತನ್ನ ಮಂಡಿನೋವಿಗೆ ಬಂದಳು. ಅಷ್ಟರಲ್ಲಿ ಇನ್ನೂ ನಾಲ್ಕು ಜನ ಹೆಂಗಸರು ಸೇರಿದರು. ಚನ್ನರಾಯಪ್ಪ ಹಲ್ಲು ಕಚ್ಚಿಕೊಂಡು ನಿಂತ. ಬಿಸಿ ಮೊದಲು ಪಂಚೆಗೆ ತಾಗಿತು, ಆಮೇಲೆ ಚರ್ಮಕ್ಕೆ. ಮೈ ನಡುಗಿತು, ಬಾಯಿಂದ "ಸ್ಸ್" ಎಂದು ಸದ್ದು ಬಂತು. ಒಂದು ಕಾಲು ಎತ್ತಿದ, ಇನ್ನೊಂದು ಎತ್ತಿದ, ಕೊನೆಗೆ ಎರಡನ್ನೂ ಒಟ್ಟಿಗೆ ಎತ್ತಿ ಕುಪ್ಪಳಿಸಿದ. ಕೆದರಿದ ತಲೆ, ಏಳು ದಿನದ ಗಡ್ಡ, ಕೆಂಪು ಕಣ್ಣು. ಹೆಂಗಸರು ಬಾಯಿ ಮೇಲೆ ಕೈಯಿಟ್ಟುಕೊಂಡು ಹಿಂದಕ್ಕೆ ಸರಿದರು.

ಸದ್ದು ಕೇಳಿ ದೊಡ್ಡಮುನಿಯಮ್ಮ ಹೊರಗೆ ಬಂದಳು. ಮಗನ ಮುಖ ನೋಡಿದಳು, ಸೊಂಟ ನೋಡಿದಳು. ತಟಕ್ಕನೆ ತುರುಬು ಬಿಚ್ಚಿ, ಬಾಗಿಲಿನ ಬೇವಿನ ಸೊಪ್ಪು ಕಿತ್ತುಕೊಂಡು ಅವನ ಮುಂದೆ ಅಡ್ಡಬಿದ್ದಳು.

"ಬಂದ್ಯಾ ತಾಯೀ! ನನ್ ಮಗನ ಮೈಮೇಲೆ ಬಂದ್ಯಾ? ಏನ್ ಬೇಕು ಕೇಳು ತಾಯೀ."

ಚನ್ನರಾಯಪ್ಪನಿಗೆ ಮೊದಲು ಏನೂ ತಿಳಿಯಲಿಲ್ಲ. ಹೊಟ್ಟೆ ಸುಡುತ್ತಿದ್ದರೂ ಎರಡನೇ ಕುಣಿತದ ಹೊತ್ತಿಗೆ ಬುದ್ಧಿ ಓಡಿತು. ಆ ಸೀಮೆಯಲ್ಲಿ ದೇವರು ಮೈಮೇಲೆ ಬಂದರೆ ತೆಲುಗಿನಲ್ಲೇ ಮಾತಾಡುವುದು ವಾಡಿಕೆ. ಅವನೂ ತೆಲುಗಿಗೆ ಹಾರಿದ.

"ಬಿಡ್ಡಕು ಗುಡ್ಡು ಪೆಟ್ಟಂಡ್ರಾ!" ಮಗುವಿಗೆ ಮೊಟ್ಟೆ ಕೊಡಿರೋ ಎಂದು ತಾಯಿಯ ಅಪ್ಪಣೆಯಾಯಿತು.

ಮುನಿಯಲ್ಲಮ್ಮನಿಗೆ ಇದು ನಂಬುವ ಮಾತಲ್ಲ. ಮೊಟ್ಟೆ ಉಷ್ಣವಲ್ಲವೇ ತಾಯಿ ಎಂದು ಕೈಮುಗಿದು ಕೇಳಿದಳು. ಮೊಟ್ಟೆ ಎಷ್ಟು ಉಷ್ಣ ಎಂಬುದನ್ನು ಆಗ ಚನ್ನರಾಯಪ್ಪನಷ್ಟು ಬಲ್ಲವರು ಕೋಲಾರ ಜಿಲ್ಲೆಯಲ್ಲೇ ಇರಲಿಲ್ಲ. ಅವನು ಒಂದು ಕಿರುಚು ಕಿರುಚಿ ಹಲ್ಲು ಕಡಿದ. ಮುನಿಯಲ್ಲಮ್ಮ ಕೆನ್ನೆ ಕೆನ್ನೆ ಬಡಿದುಕೊಂಡಳು. ಪರಂಗಿ ಹಣ್ಣು ಕೊಡಬಹುದೇ ಎಂದು ಒಬ್ಬಳು ಕೇಳಿದಳು, ನುಗ್ಗೆ ಸೊಪ್ಪು ಎಂದು ಇನ್ನೊಬ್ಬಳು. ತಾಯಿ ಎಲ್ಲಕ್ಕೂ ತಲೆಯಾಡಿಸಿದಳು. ಈ ಮಗುವಿಗೆ ಮಾತ್ರವೋ ಎಲ್ಲ ಮಕ್ಕಳಿಗೂವೋ ಎಂದು ದೊಡ್ಡಮುನಿಯಮ್ಮ ನೆಲ ನೋಡುತ್ತಲೇ ಕೇಳಿದಳು. ಎಲ್ಲ ಮಕ್ಕಳಿಗೂ ಎಂದಿತು ತಾಯಿಯ ವಾಕ್ಯ.

ಯಾರೋ ಒಂದು ಕೊಡ ಅರಿಶಿನದ ನೀರು ತಂದು ಅವನ ತಲೆಯ ಮೇಲೆ ಸುರಿದರು. ಸೊಂಟದ ಮೊಟ್ಟೆ ತಣ್ಣಗಾಯಿತು, ಚನ್ನರಾಯಪ್ಪ ಕುಣಿಯುವುದನ್ನು ನಿಲ್ಲಿಸಿದ. ಅರಿಶಿನದ ನೀರಿಗೆ ತಾಯಿ ಶಾಂತಳಾದಳಲ್ಲ, ಇನ್ನು ಅನುಮಾನವೇ ಬೇಡ ಎಂದು ಎಲ್ಲರೂ ಒಪ್ಪಿಕೊಂಡರು.

ಸಂಜೆಯ ಹೊತ್ತಿಗೆ ಬಾಗಿಲಲ್ಲಿ ಹದಿನೇಳು ಮೊಟ್ಟೆಗಳು ಕೂಡಿದ್ದವು. ಅದರಲ್ಲಿ ಐದು ಮುನಿಯಲ್ಲಮ್ಮನವೇ. ಅಮ್ಮ ಎದ್ದ ಆರು ಮನೆಗಳಲ್ಲೂ ಮಕ್ಕಳು ಮೊಟ್ಟೆ ತಿಂದ ಸುದ್ದಿ ಬಂತು. ಚನ್ನರಾಯಪ್ಪ ಒಂದು ಮೊಟ್ಟೆ ಸುಲಿದು, ಎರಡು ಭಾಗ ಮಾಡಿ, ಮಗಳ ಬಾಯಿಗೆ ಹಿಡಿದ. ಇಷ್ಟು ಸಂತೋಷ ಅವನಿಗೆ ರೇಷ್ಮೆಗೂಡಿಗೆ ಒಳ್ಳೆಯ ಬೆಲೆ ಸಿಕ್ಕಾಗಲೂ ಆಗಿರಲಿಲ್ಲ.

ಶ್ಯಾಮಲ ಒಂದು ತುಂಡು ತಿಂದು ಮುಖ ಸಿಂಡರಿಸಿದಳು. "ಸಾಕಪ್ಪಾ. ಅಜ್ಜಿ ಬೆಳಗ್ಗೇನೇ ಗಂಜೀಲಿ ಮೊಟ್ಟೆ ಕಲಸಿ ಕೊಟ್ಟವ್ಳೆ. ನಿನ್ನೇನೂ ಕೊಟ್ಟಿದ್ಲು. ನಿಂಗೆ ಹೇಳ್ಬೇಡ ಅಂದ್ಲು, ನಿನ್ ಬಾಯಲ್ಲಿ ಗುಟ್ಟು ನಿಲ್ಲಲ್ವಂತೆ."

ಚನ್ನರಾಯಪ್ಪ ಸೊಂಟದ ಬೊಬ್ಬೆಯನ್ನು ಸವರಿಕೊಳ್ಳುತ್ತ ತಾಯಿಯತ್ತ ತಿರುಗಿದ. "ಹಂಗಾದ್ರೆ ಬೆಳಗ್ಗೆ ಯಾಕಮ್ಮ ಪೊರಕೆ ತಗೊಂಡೆ?"

"ಮುನಿಯಲ್ಲಮ್ಮ ಗೋಡೆ ಹಿಂದೆ ನಿಂತಿದ್ಲು," ಎಂದಳು ದೊಡ್ಡಮುನಿಯಮ್ಮ. ಮೊಮ್ಮಗಳ ತಲೆ ನೇವರಿಸಿದಳು. "ನಿನ್ ತಮ್ಮಂಗೂ ಅಮ್ಮ ಎದ್ದು ಇಳಿದಿತ್ತು ಕಣೋ. ಇಳಿದ ಮೇಲೆ ಹೋದ. ನೀರ್ ಗಂಜಿ ಬಿಟ್ಟು ಏನೂ ಕೊಡ್ಲಿಲ್ಲ ನಾನು. ಹಸ್ಕೊಂಡೇ ಹೋಯ್ತು ಮಗು. ಆಗ ಊರಿಗೆ ಹೆದ್ರಿದ್ದೆ."

ಆ ತಮ್ಮನ ಮಾತನ್ನು ಅವಳು ಮೂವತ್ತು ವರ್ಷದಲ್ಲಿ ಒಮ್ಮೆಯೂ ಎತ್ತಿರಲಿಲ್ಲ. ಚನ್ನರಾಯಪ್ಪನಿಗೆ ತಾಯಿಯ ಮೇಲಿದ್ದ ಸಿಟ್ಟೆಲ್ಲ ಕರಗಿತು. ಅವಳ ಕೈ ಹಿಡಿದುಕೊಂಡು ಕೂತ.

ಅವಳು ಕೈ ಬಿಡಿಸಿಕೊಂಡು ಅವನ ಮುಂದೆ ತಟ್ಟೆ ಇಟ್ಟಳು. ತಟ್ಟೆಯಲ್ಲಿ ಉಪ್ಪಿಲ್ಲದ ರಾಗಿ ಗಂಜಿ ಇತ್ತು. ತಾಯಿ ಬಂದ ಮೈ, ಒಂಬತ್ತು ವಾರ ಉಪ್ಪಿಲ್ಲ, ಒಗ್ಗರಣೆ ಇಲ್ಲ, ಮೊಟ್ಟೆ ಮಾಂಸ ಮುಟ್ಟುವಂತಿಲ್ಲ ಎಂದು ಊರವರು ತೀರ್ಮಾನ ಮಾಡಿ ಹೋಗಿದ್ದರಂತೆ. ಈಗ ಯಾರೂ ನೋಡುತ್ತಿಲ್ಲವಲ್ಲ ಎಂದು ಅವನು ಮಗಳು ಬಿಟ್ಟ ಮೊಟ್ಟೆಯ ತುಂಡಿಗೆ ಕೈ ಚಾಚಿದ. ಅಷ್ಟರಲ್ಲಿ ಹೊರಗೆ ಗಾಡಿ ನಿಂತ ಸದ್ದಾಯಿತು. ಭಾರತಮ್ಮ ಹೋಗಿ ನೋಡಿ ಬಂದಳು. ಆವನಿ ಊರಿನಿಂದ ಏಳೆಂಟು ಜನ ಹೆಂಗಸರು ಮಕ್ಕಳನ್ನು ಎತ್ತಿಕೊಂಡು ಬಂದಿದ್ದಾರೆ, ತಾಯಿಯ ಬಾಯಿಂದ ಒಂದು ಮಾತು ಕೇಳಿಯೇ ಹೋಗುವುದಂತೆ ಎಂದಳು.

ದೊಡ್ಡಮುನಿಯಮ್ಮ ಮತ್ತೆ ತುರುಬು ಬಿಚ್ಚತೊಡಗಿದಳು.

"ಮೊಮ್ಮಗಳು ಒಬ್ಳಿಗಾದ್ರೆ ಕದ್ದು ತಿನ್ನಿಸ್ಬೋದು. ಅಷ್ಟು ಮಕ್ಳಿಗೆ ಕದ್ದು ತಿನ್ನಿಸಕ್ಕಾಗುತ್ತೇನೋ? ನಾನು ಹೇಳಿದ್ರೆ ಅವ್ರು ಕೇಳಲ್ಲ, ಆ ಡಾಕ್ಟ್ರು ಹೇಳಿದ್ರೂ ಕೇಳಲ್ಲ. ಎದ್ದೇಳು, ಕುಣಿ ನಡಿ."

ಚನ್ನರಾಯಪ್ಪ ಸಪ್ಪೆ ಗಂಜಿಯನ್ನು ಒಂದೇ ಗುಟುಕಿಗೆ ಕುಡಿದು, ಪಂಚೆ ಬಿಗಿದುಕೊಂಡು ಹೊರಗೆ ಹೋದ.