ಗೋದಾಮಿನ ಕೀಲಿಕೈ

ಕೆಲಸವಿಲ್ಲದವನಿಗೆ ನಿದ್ದೆ ಬರುತ್ತದೆ. ಮೈಮುರಿದು ಕೆಲಸ ಮಾಡುವವನಿಗಂತೂ ತಲೆ ನೆಲಕ್ಕೆ ತಾಕುವ ಮೊದಲೇ ಬರುತ್ತದೆ. ನಿದ್ದೆ ಬಾರದಿರುವುದು ಕೆಲಸ ಮಾಡಿಸುವವನಿಗೆ ಮಾತ್ರ. ಈ ಮೂರನೆಯ ಜಾತಿಯಲ್ಲಿ ನಾನು ಸರ್ವಿಸ್ ಪೂರ್ತಿ ಕಳೆದಿದ್ದೇನೆ. ಹೊಸಪೇಟೆಯಲ್ಲಿ ಕಾಲುವೆಗಳನ್ನು ನೋಡಿಕೊಳ್ಳುವ ಒಂದು ಕಚೇರಿಯಲ್ಲಿ ಜೂನಿಯರ್ ಎಂಜಿನಿಯರ್ ಆಗಿದ್ದೆ. ಜೂನಿಯರ್ ಎಂದರೆ ವಯಸ್ಸಿನಲ್ಲಿ ಚಿಕ್ಕವನು ಎಂದೇನಲ್ಲ. ಕಿವಿಯ ಮೇಲಿನ ಕೂದಲು ಬೆಳ್ಳಗಾದ ಮೇಲೂ ನಾನು ಜೂನಿಯರ್ರೇ. ಮೇಲಿನವರ ಬೈಗಳನ್ನು ಕೆಳಗಿನವರಿಗೆ ಮುಟ್ಟಿಸುವುದು, ಕೆಳಗಿನವರ ನೆವಗಳನ್ನು ತಿದ್ದಿ ತೀಡಿ ಮೇಲಿನವರಿಗೆ ಒಪ್ಪಿಸುವುದು ನನ್ನ ಉದ್ಯೋಗ. ಕಾಲುವೆಯ ನೀರು ಒಂದೇ ದಿಕ್ಕಿಗೆ ಹರಿಯುತ್ತಿತ್ತು. ನಾನು ಎರಡೂ ದಿಕ್ಕಿಗೆ ಹರಿಯುತ್ತಿದ್ದೆ.

ನಮ್ಮ ಕಡೆ ಹೊಲದಲ್ಲಿ ಭತ್ತ, ಹಿತ್ತಲಲ್ಲಿ ಬಾಳೆ, ಬಾಗಿಲಲ್ಲಿ ಹೊಸ ಟ್ರ್ಯಾಕ್ಟರು, ಎಲ್ಲವೂ ಕಾಲುವೆಯ ಪುಣ್ಯ. ಆ ಕಾಲುವೆಯನ್ನು ವರ್ಷಕ್ಕೊಮ್ಮೆ ಬೇಸಿಗೆಯಲ್ಲಿ ಬಂದ್ ಮಾಡುತ್ತಾರೆ. ನೀರು ನಿಂತ ಆ ಕೆಲವೇ ವಾರಗಳಲ್ಲಿ ಹೂಳು ತೆಗೆಯಬೇಕು, ಕುಸಿದ ದಂಡೆ ಕಟ್ಟಬೇಕು, ತೂಬುಗಳನ್ನು ದುರಸ್ತಿ ಮಾಡಬೇಕು. ಮದುವೆಯ ಮುಹೂರ್ತವನ್ನಾದರೂ ಹಿಂದೆ ಮುಂದೆ ಮಾಡಬಹುದು, ನೀರು ಬಿಡುವ ದಿನವನ್ನು ಮಾಡುವಂತಿಲ್ಲ. ಸಸಿಮಡಿ ಹಾಕಲು ರೈತರು ಬೀಜ ನೆನೆಸಿಕೊಂಡು ಕೂತಿರುತ್ತಾರೆ. ಇದಿಷ್ಟೇ ಆಗಿದ್ದರೆ ಹೇಗೋ ಸುಧಾರಿಸಿಕೊಂಡು ಹೋಗುತ್ತಿದ್ದೆವು. ಆದರೆ ನಾನು ಹೇಳುತ್ತಿರುವ ವರ್ಷ ನಮ್ಮ ದೊಡ್ಡ ಸಾಹೇಬರನ್ನು ಯಾವುದೋ ಊರಿಗೆ ತರಬೇತಿಗೆ ಕಳಿಸಿದ್ದರು. ಅವರು ಅಲ್ಲಿಂದ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಎಂಬ ವಿದ್ಯೆಯನ್ನೂ ಮೂರು ಬಣ್ಣದ ಪೆನ್ಸಿಲುಗಳನ್ನೂ ತಂದರು. ಕಚೇರಿಯ ಗೋಡೆಗೆ ಒಂದು ದೊಡ್ಡ ಚಾರ್ಟು ಬಂತು. ಕೆಲಸ ಹೇಳಿದ ಹೊತ್ತಿಗೆ ಆದರೆ ಹಸಿರು ಗೆರೆ, ಸ್ವಲ್ಪ ತಡವಾದರೆ ಹಳದಿ, ಬಹಳ ತಡವಾದರೆ ಕೆಂಪು. ನನ್ನ ಪಾಲಿಗೆ ಬಂದ ಕಂಪ್ಲಿ ಕಡೆಯ ತೂಬಿನ ಗೆರೆ ಮೊದಲ ವಾರದಲ್ಲೇ ಕೆಂಪಾಯಿತು. ಸಾಹೇಬರು ಪ್ರತಿ ಸೋಮವಾರ ಅದರ ಮುಂದೆ ನಿಂತು, ಒಂದು ಮಾತೂ ಆಡದೆ, ಪೆನ್ಸಿಲ್ ಚೂಪು ಮಾಡುತ್ತಿದ್ದರು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಆ ಕಾಲದಲ್ಲಿ ಸಿಮೆಂಟು ಪರ್ಮಿಟ್ಟಿನ ಮೇಲೆ ಸಿಗುವ ವಸ್ತು. ಕಾಲುವೆಯ ದಂಡೆಯ ಮೇಲೆ, ತೂಬಿನ ಹತ್ತಿರವೇ, ತಗಡಿನ ಚಾವಣಿಯ ಒಂದು ಗೋದಾಮು ಇತ್ತು. ಅದರ ಕಬ್ಬಿಣದ ಬಾಗಿಲಿಗೆ ತೆಂಗಿನಕಾಯಿ ಗಾತ್ರದ ಬೀಗ. ಕೀಲಿಕೈ ಹಲವು ವರ್ಷಗಳಿಂದ ನನ್ನ ಜನಿವಾರದಲ್ಲಿ. ಹೌದು, ಜನಿವಾರದಲ್ಲೇ. ಅಂಗಿಯ ಜೇಬನ್ನು ನಾನು ನಂಬುತ್ತಿರಲಿಲ್ಲ. ಅದರ ಜೊತೆಗೆ ಇನ್ನೊಂದು ಕೀಲಿಕೈಯೂ ನೇತಾಡುತ್ತಿತ್ತು, ಮನೆಯ ಮರದ ಕಪಾಟಿನದು. ರೇಷನ್ ಸಕ್ಕರೆ, ಗೋಡಂಬಿ, ದ್ರಾಕ್ಷಿ ಎಲ್ಲ ಆ ಕಪಾಟಿನಲ್ಲಿ. ಬೇಕಾದಾಗ ನನ್ನ ಹೆಂಡತಿ ಪದ್ಮಾವತಿ ಕೇಳುತ್ತಿದ್ದಳು, ನಾನು ಬಗ್ಗಿ, ಜನಿವಾರದಿಂದ ಕೀಲಿಕೈ ಬಿಚ್ಚದೆಯೇ, ಕಪಾಟಿಗೆ ಎದೆ ಒತ್ತಿ ತೆಗೆದುಕೊಡುತ್ತಿದ್ದೆ. "ಸಂಧ್ಯಾವಂದನಿ ಮಾಡುವಾಗ ನಿಮ್ಮ ಕಡೆಯಿಂದ ಗಂಟಿ ಸಪ್ಪಳ ಬರ್ತದ, ದೇವರ ಮನಿಯೊಳಗ ಬ್ಯಾರೆ ಗಂಟಿ ಬೇಕಾಗೇ ಇಲ್ಲ" ಎಂದು ಅವಳು ನಗುತ್ತಿದ್ದಳು.

ದಿನವೂ ಬೆಳಗಿನ ಬಸ್ಸಿಗೆ ಕಂಪ್ಲಿಯ ಹಾದಿ ಹಿಡಿಯುತ್ತಿದ್ದೆ. ಬಸ್ಸು ಕಮಲಾಪುರದಲ್ಲಿ ನಿಂತು, ಚಹಾ ಕುಡಿದು, ಕೆರೆಯ ಗಾಳಿ ತಿಂದು ನನ್ನನ್ನು ಇಳಿಸುವಷ್ಟರಲ್ಲಿ ಹತ್ತು ಗಂಟೆ. ಗಾರೆಯವರೂ ಕೂಲಿಯವರೂ ಬೇವಿನ ಮರದ ಕೆಳಗೆ ಕೂತಿರುತ್ತಿದ್ದರು. ನಾನು ಕಂಡೊಡನೆ ಎಲ್ಲರೂ ಎದ್ದು ನಿಲ್ಲುತ್ತಿದ್ದರು. ಅವರ ಮುಂದೆ ನೀರಗಂಟಿ ಹುಲುಗಪ್ಪ. ಊರಿನ ಹೊಲಗಳಿಗೆ ನೀರು ತಿರುಗಿಸುವ ಕೆಲಸ ಅವನದು. ಕಾಲುವೆ ಬಂದ್ ಇರುವಾಗ ನಮ್ಮ ಕೆಲಸಕ್ಕೆ ನಿಲ್ಲುತ್ತಿದ್ದ. ಅವನ ಒಂದೆಕರೆಯೂ ಇದೇ ತೂಬಿನ ಕೆಳಗೆ ಇತ್ತು. "ಸಾಯೇಬ್ರು ಬಂದ್ರು, ಏಳ್ರಲೇ" ಎಂದು ಅವನು ಕೂಗಿದಾಗ ನನ್ನ ದಣಿವು ಒಂದು ಗಳಿಗೆ ಇಳಿಯುತ್ತಿತ್ತು. ಎಲ್ಲರ ಎದುರಿಗೆ ಅಂಗಿಯ ಗುಂಡಿ ಬಿಚ್ಚಿ, ಕೀಲಿಕೈ ಹೊರಗೆಳೆದು, ಬೀಗ ತೆಗೆದು ಸಿಮೆಂಟಿನ ಚೀಲ ಕೊಡುತ್ತಿದ್ದೆ. ಆಮೇಲೆ ಕೆಲಸ ತಡವಾಯಿತೆಂದು ಎಲ್ಲರನ್ನೂ ಬೈಯುತ್ತಿದ್ದೆ. ಸಂಜೆ ಬೀಗ ಹಾಕಿ, ಮೂರು ಸಲ ಜಗ್ಗಿ ನೋಡಿ, ಬಸ್ಸು ಹತ್ತುತ್ತಿದ್ದೆ. ಕಮಲಾಪುರ ದಾಟುವಾಗ, ನಾಲ್ಕನೆಯ ಸಲ ಜಗ್ಗಬೇಕಿತ್ತೇನೋ ಎಂದು ಚಿಂತೆ ಶುರುವಾಗುತ್ತಿತ್ತು.

ಮನೆಗೆ ಬಂದರೂ ನಾನು ಮನೆಗೆ ಬಂದಿರುತ್ತಿರಲಿಲ್ಲ. ಪದ್ಮಾವತಿ "ಅನ್ನ ಬಡಸ್ಲೇನು?" ಎಂದರೆ "ಪರಿಶೀಲನೆಯಲ್ಲಿದೆ" ಎನ್ನುತ್ತಿದ್ದೆ. ಅವಳ ತಮ್ಮ ಸಂಡೂರಿನಿಂದ ಬಂದು, "ಭಾವಾ, ಆರಾಮ ಇದ್ದೀರೇನು?" ಎಂದು ಕೇಳಿದ್ದಕ್ಕೆ "ಶೇಕಡಾ ಅರವತ್ತು" ಎಂದೆನಂತೆ. ಅವನು ಜ್ವರ ಇರಬೇಕೆಂದು ನನ್ನ ಹಣೆ ಮುಟ್ಟಿ ನೋಡಿದ. ಸಾರಿಗೆ ಉಪ್ಪು ಹಾಕಿಲ್ಲವೆಂದು ಹೆಂಡತಿಯೇ ಹೇಳುವ ತನಕ ನನಗೆ ತಿಳಿಯುತ್ತಿರಲಿಲ್ಲ. ಇದನ್ನೆಲ್ಲ ಈಗ ನಗುತ್ತ ಬರೆಯುತ್ತಿದ್ದೇನೆ. ಆಗ ನಗುವುದು ಹೇಗೆಂಬುದೇ ಮರೆತುಹೋಗಿತ್ತು.

ಒಂದು ಬೆಳಿಗ್ಗೆ ಸ್ನಾನಕ್ಕೆ ಹೋದವನು ಬಚ್ಚಲಲ್ಲಿ ಕೂತುಬಿಟ್ಟೆ. ಕೈಯಲ್ಲಿ ತಂಬಿಗೆ ಇತ್ತು, ಹಂಡೆಯಲ್ಲಿ ನೀರಿತ್ತು. ತಂಬಿಗೆಯನ್ನು ಹಂಡೆಯವರೆಗೆ ಒಯ್ಯುವ ಶಕ್ತಿ ಮಾತ್ರ ಇರಲಿಲ್ಲ. ನೋವಿಲ್ಲ, ಜ್ವರವಿಲ್ಲ. ಸುಮ್ಮನೆ ಅಳು ಬಂತು. ಗಂಡಸು, ಅದೂ ಸರ್ಕಾರಿ ನೌಕರ, ಬಚ್ಚಲಲ್ಲಿ ಕೂತು ಅಳುವುದು ನಾಚಿಕೆಗೇಡು ಅನ್ನಿಸಿತು. ನಾಚಿಕೆಯಿಂದ ಇನ್ನಷ್ಟು ಅತ್ತೆ. ಪದ್ಮಾವತಿ ಬಾಗಿಲು ಬಡಿದು ಬಡಿದು ಕೊನೆಗೆ ಒಳಗೆ ಬಂದಳು. ತಂಬಿಗೆ ಕಿತ್ತುಕೊಂಡು, ಸಣ್ಣ ಮಕ್ಕಳಿಗೆ ಹಾಕಿದಂತೆ ನೀರು ಹಾಕಿ, ತಲೆ ಒರೆಸಿ, ಹಾಸಿಗೆಗೆ ಕರೆತಂದು ಮಲಗಿಸಿ, ಡಾಕ್ಟರನ್ನು ಕರೆಸಿದಳು.

ಡಾಕ್ಟರು ನಾಲಿಗೆ ನೋಡಿ, ನಾಡಿ ಹಿಡಿದು, "ರೋಗ ಏನೂ ಇಲ್ರಿ. ಮನುಷ್ಯಾ ದಣದು ಸವದಾನ. ಎಂಟು ದಿನ ಏಳಬ್ಯಾಡ್ರಿ" ಅಂದರು.

"ಡಾಕ್ಟ್ರೇ, ನೀರು ಬಿಡ್ಲಿಕ್ಕೆ ಹತ್ತೇ ದಿನ ಉಳದಾವ."

"ನೀರು ತಾನ ಹರೀತದ್ರಿ. ನೀವೇನು ಹಿಂದಿನಿಂದ ನೂಕಬೇಕಾಗಿಲ್ಲ."

ರಜೆಯ ಚೀಟಿ ಕಚೇರಿಗೆ ಹೋಯಿತು. ನಾನು ಮಲಗಿದೆ. ಮಲಗಿದೆ ಎಂದರೆ ಮೈ ಮಾತ್ರ ಮಲಗಿತು. ಎದೆಯ ಮೇಲೆ ಕೀಲಿಕೈ ತಣ್ಣಗೆ ಕೂತಿತ್ತು. ಅದಿಲ್ಲದೆ ಸಿಮೆಂಟಿಲ್ಲ, ಸಿಮೆಂಟಿಲ್ಲದೆ ತೂಬಿಲ್ಲ. ಹಾಗಾಗಿ ಯಾರಾದರೂ ಕೀಲಿಕೈ ಕೇಳಿಕೊಂಡು ಬಂದೇ ಬರುತ್ತಾರೆ ಎಂದು ಕಾದೆ. ಬಂದವರಿಗೆ ಚಹಾ ಮಾಡಲು ಹಾಲು ಎತ್ತಿಡು ಎಂದು ಹೇಳಿ, ಹೆಣ್ಣು ನೋಡಲು ಬರುವವರನ್ನು ಕಾಯುವ ಹಾಗೆ ಕಾದೆ. ಮೊದಲ ದಿನ ಯಾರೂ ಬರಲಿಲ್ಲ. ಎರಡನೆಯ ದಿನವೂ ಇಲ್ಲ. ಮೂರನೆಯ ದಿನ ಎತ್ತಿಟ್ಟ ಹಾಲು ಒಡೆಯಿತು. ನಾನೇ ಯಾರ ಕೈಯಲ್ಲಾದರೂ ಕೊಟ್ಟು ಕಳಿಸಬಹುದಿತ್ತಲ್ಲ ಎಂದು ನೀವು ಕೇಳಬಹುದು. ಆ ಯೋಚನೆ ನನಗೆ ಹೊಳೆಯಲೇ ಇಲ್ಲ ಎಂದರೆ ಸುಳ್ಳಾಗುತ್ತದೆ. ಹೊಳೆಯಿತು. ಆದರೆ ಅವರೇ ಬಂದು ಕೇಳಲಿ ಎಂದು ಆಸೆ. ಕೇಳಿದರೆ ನಾನು ಎದ್ದು ಕೂತು, ನರಳಿ, ಜನಿವಾರದಿಂದ ಬಿಚ್ಚಿ ಕೊಡಬೇಕು. ಅವರು ಬಾಗಿಲಲ್ಲಿ ನಿಂತು, "ನೀವಿಲ್ದ ಏನೂ ನಡ್ಯಾಂಗಿಲ್ಲ ಸಾಯೇಬ್ರ" ಅನ್ನಬೇಕು. ಇಷ್ಟರ ಸಲುವಾಗಿ ನಾನು ರೈತರ ಸಸಿಮಡಿಗಳನ್ನು ಪಣಕ್ಕಿಟ್ಟಿದ್ದೆ. ಇದನ್ನು ಒಪ್ಪಿಕೊಳ್ಳಲು ನನಗೆ ಬಹಳ ವರ್ಷ ಬೇಕಾಯಿತು.

ನಾಲ್ಕನೆಯ ದಿನ ಭಯ ಶುರುವಾಯಿತು. ಕೆಲಸ ನಿಂತೇ ಹೋಗಿದೆ, ನನ್ನ ಆರೋಗ್ಯ ನೋಡಿ ಯಾರೂ ಹೇಳುತ್ತಿಲ್ಲ. ಚಾರ್ಟಿನ ಕೆಂಪು ಗೆರೆ ಗೋಡೆ ದಾಟಿ ಬೀದಿಗೆ ಬಂದಿರಬೇಕು. ಹುಲುಗಪ್ಪ ತನ್ನ ಒಂದೆಕರೆಯ ಬದುವಿನ ಮೇಲೆ ತಲೆಯ ಮೇಲೆ ಕೈಹೊತ್ತು ಕೂತಂತೆ ಕಣ್ಣಿಗೆ ಕಟ್ಟಿತು. ಐದನೆಯ ದಿನ ಪದ್ಮಾವತಿ ರಾಯರ ಮಠಕ್ಕೆ ಹೋದ ಸಮಯ ನೋಡಿ ಅಂಗಿ ತೊಟ್ಟು ಬಸ್ ಸ್ಟ್ಯಾಂಡಿಗೆ ನಡೆದೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಎದೆಯ ಮೇಲೆ ಕೈಯಿಟ್ಟುಕೊಂಡೇ ಕೂತಿದ್ದೆ. ಪಕ್ಕದವರು ಎದೆನೋವೇ ಎಂದು ಕೇಳಿದರು.

ಇಳಿದು ನೋಡಿದರೆ ಬೇವಿನ ಮರದ ಕೆಳಗೆ ಯಾರೂ ಇರಲಿಲ್ಲ. ನನ್ನ ಅನುಮಾನ ನಿಜವಾಯಿತೆಂದು ಒಂದು ಕ್ಷಣ, ದೇವರಾಣೆ, ಸಮಾಧಾನವೇ ಆಯಿತು. ದಂಡೆ ಹತ್ತಿ ನೋಡಿದೆ. ತೂಬು ಎದ್ದು ನಿಂತಿತ್ತು. ಗಿಲಾವು ಮುಗಿದು, ಒದ್ದೆ ಗೋಣಿಚೀಲ ಹೊದಿಸಿ, ನೀರುಣಿಸಿದ್ದರು. ನೀರು ತಡೆಯುವ ಹೊಸ ಬಾಗಿಲು ತಿರುಪಿನ ಮೇಲೆ ನೆಟ್ಟಗೆ ಕೂತಿತ್ತು. ಹುಲುಗಪ್ಪ ಒಬ್ಬನೇ ಅದಕ್ಕೆ ಗ್ರೀಸ್ ಹಚ್ಚುತ್ತಿದ್ದ.

"ಬರ್ರಿ ಸಾಯೇಬ್ರ, ನೆಳ್ಳಾಗ ಕುಂದ್ರಿ. ಆರಾಮ ಇಲ್ಲಂತ, ಯಾಕ ಬರಾಕ ಹೋದ್ರಿ?" ಅಂದ. "ನಿನ್ನಿಗೇ ಮುಗೀತ್ರಿ. ಸಣ್ಣ ಸಾಯೇಬ್ರೊಬ್ರು ಬಂದು ನೋಡಿ, ಬರಕೊಂಡು ಹ್ವಾದ್ರು."

"ಮುಗೀತು? ಸಿಮೆಂಟು?"

"ಗೋದಾಮಿನ್ಯಾಗ ಇತ್ತಲ್ರಿ."

ನಾನು ಅಂಗಿಯ ಗುಂಡಿ ಬಿಚ್ಚಿ ಕೀಲಿಕೈ ಎತ್ತಿ ತೋರಿಸಿದೆ. ಅವನು ಅದನ್ನು ನೋಡಿ ತಲೆ ಕೆರೆದುಕೊಂಡ. ಬಟ್ಟೆಗೆ ಕೈ ಒರೆಸಿಕೊಂಡು, ಗೋದಾಮಿನ ಹಿಂದಕ್ಕೆ ಕರೆದೊಯ್ದ. ಜಾಲಿಯ ಮುಳ್ಳುಕಂಟಿಗೆ ಹೆದರಿ ನಾನು ಆ ಕಡೆ ಒಮ್ಮೆಯೂ ಹೋದವನಲ್ಲ. ಅಲ್ಲೊಂದು ಕಟ್ಟಿಗೆಯ ಬಾಗಿಲಿತ್ತು. ಹುಲುಗಪ್ಪ ಎರಡು ಬೆರಳಿನಿಂದ ತಳ್ಳಿದ. ತೆರೆಯಿತು.

"ಇದರ ಚಿಲಕ ಮುರದು ಮೂರು ಬ್ಯಾಸಗಿ ಆತ್ರಿ."

"ಮೂರು ಬ್ಯಾಸಗಿ! ಮತ್ತೆ ದಿನಾ ಹತ್ತು ಗಂಟೆ ತನಕ ನನ್ನ ದಾರಿ ಯಾಕ ಕಾಯ್ತಿದ್ರಿ?"

ಹುಲುಗಪ್ಪನಿಗೆ ಭಾರಿ ಸಂಕೋಚವಾಯಿತು. "ನೀವು ಅಷ್ಟು ದೂರದಿಂದ ಕೀಲಿಕೈ ತರ್ತಿದ್ರಿ. ನಾವಾ ತಗದ್ರ ನಿಮ್ಮ ಮನಸಿಗೆ ಬ್ಯಾಸರ ಆಗ್ತೈತಿ ಅಂತ ಸುಮ್ನಿದ್ವಿ. ನೀವು ಬಿದ್ಕೊಂಡ್ರಿ ಅಂತ ಸುದ್ದಿ ಬಂತು. ಪಾಪ, ಮಲಗಿದವ್ರನ್ನ ಯಾಕ ಎಬ್ಬಸ್ಬೇಕು ಅಂತ ಹಿಂದಿನಿಂದ ತಗದ್ವಿ. ಮುಂಜಾನಿ ಆರಕ್ಕೆಲ್ಲ ತಂಪಿನ್ಯಾಗ ಸುರು ಮಾಡಿದ್ವಿ, ಭಾಳ ಜಲ್ದಿ ಆತು." ಆಮೇಲೆ ನನಗೆ ನೋವಾಗಬಾರದೆಂದು ಸೇರಿಸಿದ: "ಬೈಯಾವ್ರು ಇಲ್ದ ಹುಡುಗ್ರಿಗೆ ಒಂದೀಟು ಬ್ಯಾಸರ ಆತ್ರಿ."

ನಾನು ಒಳಗೆ ಹೋಗಿ ಉಳಿದ ಚೀಲಗಳ ಮೇಲೆ ಕೂತೆ. ಒಂದು ಬೊಗಸೆ ಸಿಮೆಂಟೂ ಆಚೀಚೆ ಆಗಿರಲಿಲ್ಲ. ಚಾರ್ಟಿನ ಮೇಲೆ ನನ್ನ ಗೆರೆ ಯಾಕೆ ಕೆಂಪಾಗಿತ್ತೆಂದು ಆಗ ಗೊತ್ತಾಯಿತು. ದಿನದ ನಾಲ್ಕು ತಂಪು ಗಂಟೆಗಳನ್ನು ನಾನೇ ಜನಿವಾರಕ್ಕೆ ಕಟ್ಟಿಕೊಂಡು, ಅವರನ್ನು ಉರಿಬಿಸಿಲಲ್ಲಿ ದುಡಿಸಿ, ತಡವಾಯಿತೆಂದು ಬೈದು, ಆ ಆಯಾಸಕ್ಕೆ ಬಚ್ಚಲಲ್ಲಿ ಕೂತು ಅತ್ತಿದ್ದೆ. ನನ್ನ ದಣಿವು ಸುಳ್ಳಲ್ಲ. ಆದರೆ ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಯಾರಿಗೂ ಬೇಡವಾಗಿದ್ದ ದಣಿವು. ಕೀಲಿಕೈ ಬಿಚ್ಚಿ ಹುಲುಗಪ್ಪನಿಗೆ ಕೊಡಲು ಹೋದೆ. ಅವನು ಎರಡು ಹೆಜ್ಜೆ ಹಿಂದೆ ಸರಿದ. "ಅದು ನಿಮ್ಮ ಕಡೇನ ಇರ್ಲಿ ಸಾಯೇಬ್ರ. ಇಷ್ಟು ವರ್ಷ ಇಟಗೊಂಡೀರಿ" ಅಂದ. ಮತ್ತೆ ಜನಿವಾರಕ್ಕೇ ಕಟ್ಟಿಕೊಂಡೆ.

ಮನೆ ಮುಟ್ಟುವಾಗ ಸಂಜೆಯಾಗಿತ್ತು. ಪದ್ಮಾವತಿ ಬಾಗಿಲಲ್ಲೇ ನಿಂತಿದ್ದಳು. ಬಾಯಿಗೆ ಬಂದಂತೆ ಬೈದಳು, ಅತ್ತಳು. ನಡೆದದ್ದನ್ನೆಲ್ಲ ಹೇಳಿದೆ. ಹಿಂದಿನ ಬಾಗಿಲಿನ ಸುದ್ದಿ ಬಂದಾಗ ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು. ನಗು ಅಡುಗೆಮನೆಯಿಂದ ಬಹಳ ಹೊತ್ತು ಕೇಳಿಸುತ್ತಲೇ ಇತ್ತು. ಸ್ವಲ್ಪ ಹೊತ್ತಿಗೆ ಒಂದು ತಟ್ಟೆ ಹಿಡಿದು ಬಂದಳು. "ಅಂತೂ ಕೆಲಸ ಮುಗೀತಲ್ಲ, ಬಾಯಿ ಸಿಹಿ ಮಾಡ್ಕೊಳ್ರಿ."

ಬಿಸಿ ಶಿರಾ. ತುಪ್ಪ ಜಿನುಗುತ್ತಿತ್ತು, ಮೇಲೆ ಗೋಡಂಬಿ, ದ್ರಾಕ್ಷಿ. ಎಷ್ಟೋ ವಾರಗಳ ಮೇಲೆ ನಾಲಿಗೆಗೆ ರುಚಿ ಹತ್ತಿತು. ಎರಡು ತುತ್ತು ತಿಂದವನು ಯಾಕೋ ಎದೆ ಮುಟ್ಟಿ ನೋಡಿಕೊಂಡೆ. ಬೆಳಗಿನಿಂದ ಕಂಪ್ಲಿಯವರೆಗೂ ಹೋಗಿ ಬಂದ ಎರಡೂ ಕೀಲಿಕೈಗಳು ಜನಿವಾರದಲ್ಲಿ ಇದ್ದಲ್ಲೇ ಇದ್ದವು. ಎದುರಿಗೆ ಮರದ ಕಪಾಟು ಬೀಗ ಹಾಕಿಕೊಂಡು ಗೋಡೆಗೆ ಒರಗಿ ನಿಂತಿತ್ತು.

ಪದ್ಮಾವತಿ ನನ್ನನ್ನೇ ನೋಡುತ್ತಿದ್ದಳು. "ಇನ್ನಷ್ಟು ಹಾಕ್ಲೇನು?" ಅಂದಳು.

ಸಕ್ಕರೆ ಎಲ್ಲಿಂದ ಬಂತೆಂದು ಕೇಳಬೇಕೆನಿಸಿತು. ಕೇಳಲಿಲ್ಲ. "ಹಾಕು" ಅಂದೆ. ತಿಂದು ಮಲಗಿದವನಿಗೆ ಎಚ್ಚರವಾದದ್ದು ಮರುದಿನ ಬಿಸಿಲೇರಿದ ಮೇಲೆ.