ಊಟವಾದ ಮೇಲೆ ವಾಲುವ ಭೂಮಿ

ಸಂಶೋಧನಾ ವಿದ್ಯಾರ್ಥಿ ಬರೆದ ಪ್ರಬಂಧವನ್ನು ವಿಭಾಗದ ಮುಖ್ಯಸ್ಥರು ತಮ್ಮ ಅಳಿಯನ ಹೆಸರಿನಲ್ಲಿ ಅಚ್ಚು ಹಾಕಿಸಿದರು.

ಆ ವಿದ್ಯಾರ್ಥಿಯನ್ನು ಎಲ್ಲರೂ ಕಡ್ಡಿ ಎಂದೇ ಕರೆಯುತ್ತಿದ್ದರು. ಗಾಳಿ ಬೀಸಿದರೆ ಬಾಗಿಲ ಹಿಂದೆ ನಿಲ್ಲಬೇಕಾದ ಆಳು. ವಿಶ್ವವಿದ್ಯಾಲಯದ ಹಿಂಬದಿಯ ಒಂಟಿ ಕೋಣೆಯೇ ಅವನ ಲೋಕ. ಅದಕ್ಕೆ ಕಿಟಕಿಯಿಲ್ಲ, ಬಾಗಿಲಿಗೆ ಹಿತ್ತಾಳೆಯ ಕೀಲು, ತೊಲೆಗೆ ಮರದ ಗೂಟ, ಹುಡುಕಿದರೂ ಒಂದು ಕಬ್ಬಿಣದ ಮೊಳೆ ಸಿಗದು. ನಡುವೆ ಎಳೆಯೊಂದರಲ್ಲಿ ತೂಗುಬಿಟ್ಟ ಕಾಂತಸೂಜಿ. ಭೂಮಿಯ ಕಾಂತಕ್ಷೇತ್ರ ಎತ್ತ ವಾಲಿದರೆ ಅದೂ ಅತ್ತ. ಒಳಹೋಗುವವರು ಮೈಮೇಲಿನ ಕಬ್ಬಿಣವನ್ನೆಲ್ಲ ಹೊರಗೆ ಕಳಚಿಡಬೇಕು. ಬೆಲ್ಟು ಬಿಚ್ಚಿದರೆ ಕಡ್ಡಿಯ ಪ್ಯಾಂಟು ನಿಲ್ಲುತ್ತಿರಲಿಲ್ಲ. ಹೀಗಾಗಿ ಮೂರು ವರ್ಷ ಅವನು ಒಂದು ಕೈಯಲ್ಲಿ ವಿಜ್ಞಾನವನ್ನೂ ಇನ್ನೊಂದು ಕೈಯಲ್ಲಿ ಮಾನವನ್ನೂ ಹಿಡಿದುಕೊಂಡೇ ದುಡಿದಿದ್ದ.

ಸೂಜಿ ದಿನವಿಡೀ ಒಂದಿಷ್ಟು ಓಲಾಡುವುದು ಲೋಕಕ್ಕೆಲ್ಲ ಗೊತ್ತು. ಕಡ್ಡಿ ಕಂಡದ್ದು ಬೇರೆ. ಮಧ್ಯಾಹ್ನದ ಊಟದ ಹೊತ್ತು ಮುಗಿಯುತ್ತಲೇ ಅದು ಯಾರೋ ಕರೆದಂತೆ ಸರಕ್ಕನೆ ಪಶ್ಚಿಮಕ್ಕೆ ತಿರುಗಿ, ಚಹಾದ ಹೊತ್ತಿಗೆ ಮರಳುತ್ತಿತ್ತು. ಭಾನುವಾರ ಕೋಣೆಗೆ ಬೀಗ. ಆವತ್ತು ಭೂಮಿ ಏನು ಮಾಡುತ್ತದೆಂದು ಯಾರೂ ಕೇಳಿರಲಿಲ್ಲ.

ಇವತ್ತು ಆ ತಿರುವನ್ನು ಕಣ್ಣಾರೆ ನೋಡಲು ಹೊರಗಿನಿಂದ ಹಿರಿಯ ವಿಜ್ಞಾನಿಯೊಬ್ಬರು ಬರುವವರಿದ್ದರು. ಅವರು ತಲೆಯಾಡಿಸಿದರೆ ಅಳಿಯನಿಗೆ ಅಧ್ಯಾಪಕನ ಕುರ್ಚಿ.

"ಸೂಜಿ ತಿರುಗಿದ ತಕ್ಷಣ ಇದು ನಂದು ಅಂತ ಕೂಗ್ಬಿಡೋ," ಎಂದಳು ಟೈಪಿಸ್ಟ್ ಅಕ್ಕ. "ಈ ಪ್ರಬಂಧಾನೂ ಕೈ ಬಿಟ್ರೆ ನಿನ್ಗೆ ಡಿಗ್ರಿ ಎಲ್ಲಿಂದ ಬರುತ್ತೆ?"

"ಕೂಗ್ತೀನಕ್ಕ."

"ಎಲ್ಲಿ, ಒಂದ್ಸಲ ಕೂಗು ನೋಡೋಣ."

ಕಡ್ಡಿ ಕೂಗಿದ.

"ಥೂ, ಬೆಕ್ಕು ಸೀನಿದ ಹಾಗಿದೆ."

ಊಟ ಮುಗಿಸಿ ಎಲ್ಲರೂ ಕೋಣೆಯ ಮುಂದೆ ಸೇರಿದರು. ವಿಜ್ಞಾನಿ ಮೇಡಂ ಕೂದಲಿನ ಪಿನ್ನು ತೆಗೆದಿಟ್ಟರು. ಅಳಿಯನ ಜೇಬುಗಳಿಂದ ಉಗುರು ಕತ್ತರಿ, ಚಾಕು, ಯಾವುದೋ ಬೀರುವಿನ ಕೀ ಒಂದೊಂದಾಗಿ ಹೊರಬಿದ್ದು ಹೊಸ್ತಿಲಲ್ಲಿ ಸಣ್ಣ ಗುಜರಿ ಅಂಗಡಿಯೇ ತೆರೆಯಿತು.

ಒಳಗೆ ಎಲ್ಲರೂ ಉಸಿರು ಬಿಗಿಹಿಡಿದು ಕಾದರು. ಸೂಜಿ ಮಿಸುಕಲಿಲ್ಲ.

"ಭೂಮಿ ಇವತ್ತು ಊಟ ಮಾಡಿಲ್ವೇನೋ," ಎಂದರು ಮೇಡಂ.

"ಮೋಡ ಇದೆಯಲ್ಲ ಮೇಡಂ, ಅದಕ್ಕೆ," ಎಂದ ಅಳಿಯ.

ಮುಖ್ಯಸ್ಥರು ಕಡ್ಡಿಯ ಕಿವಿಯಲ್ಲಿ ಬುಸುಗುಟ್ಟಿದರು. "ಏನೋ ಮಾಡಿಟ್ಟಿದೀಯ ಇದಕ್ಕೆ?"

"ಏನೂ ಇಲ್ಲ ಸಾರ್, ದಿನಾ ತಾನೇ ತಿರುಗತ್ತೆ!"

ಮುಖ್ಯಸ್ಥರ ಬೆವರು ಗದ್ದಕ್ಕಿಳಿಯಿತು. ತಲೆ ಸುತ್ತುತ್ತಿದೆಯೆಂದು ಹೊರಗೆ ಹೋದರು. ಅವರು ಹೋದ ಸ್ವಲ್ಪ ಹೊತ್ತಿಗೇ ಸೂಜಿ ಸರಕ್ಕನೆ ಪಶ್ಚಿಮಕ್ಕೆ ತಿರುಗಿತು.

"ನಂದು ಮೇಡಂ! ಇದು ನಂದು! ಮೂರು ವರ್ಷ ನೋಡಿದ್ದು ನಾನು!" ಕಡ್ಡಿ ಎರಡೂ ಕೈ ಎತ್ತಿ ಕೂಗಿದ. ಈ ಸಲ ಕೂಗು ಸರಿಯಾಗಿಯೇ ಬಂತು, ಪ್ಯಾಂಟು ಮಾತ್ರ ಕೆಳಗೆ ಹೋಯಿತು.

ಮೇಡಂ ಸೂಜಿಯಿಂದ ಕಣ್ಣು ಕೀಳಲಿಲ್ಲ. ಪ್ಯಾಂಟು ಮೇಲೇರುವ ತನಕ ಕಾದು, "ನಿಮ್ಮದೇ ಇರಲಿ. ಯಾಕೆ ತಿರುಗಿತು?" ಎಂದರು.

ಉತ್ತರ ಗೋಡೆಯ ಆಚೆಯಿಂದ ಬಂತು. ಗೊರಕೆ.

ಎಲ್ಲರೂ ಹಿಂದೆ ಹೋಗಿ ನೋಡಿದರು. ಗೋಡೆಗೆ ಒತ್ತಿ, ತಂಪು ನೆರಳಿನಲ್ಲಿ, ಮಡಚುವ ಕಬ್ಬಿಣದ ಮಂಚ. ಅದರ ಮೇಲೆ ಮುಖ್ಯಸ್ಥರು. ಪಕ್ಕದಲ್ಲಿ ನಿಂತಿದ್ದ ಜವಾನ ರೂಢಿಯಂತೆ ಒಪ್ಪಿಸಿದ: "ಸಾಹೇಬ್ರು ಮೀಟಿಂಗಲ್ಲಿದಾರೆ."

"ದಿನಾ ಇಲ್ಲೇನಾ ಮೀಟಿಂಗು?"

"ಊಟ ಆದ್ಮೇಲಿಂದ ಚಹಾದ ತನಕ ಮೇಡಂ. ಆಮೇಲೆ ಮಂಚ ಮಡಚಿ ಆಫೀಸಿಗೆ ಒಯ್ತೀನಿ."

ಮೇಡಂ ಮುಖ್ಯಸ್ಥರನ್ನು ಎಬ್ಬಿಸಿ ಮಂಚವನ್ನು ದೂರ ಒಯ್ಯಿಸಿದರು. ಸೂಜಿ ಮರಳಿತು. ವಾಪಸು ತರಿಸಿದರು. ಸೂಜಿ ತಿರುಗಿತು. ಕಡ್ಡಿಗೆ ತನ್ನ ಮೂರು ವರ್ಷಗಳು ಆ ಮಂಚದ ಜೊತೆಗೇ ಮಡಚಿಕೊಂಡಂತಾಯಿತು.

ಮುಖ್ಯಸ್ಥರು ಅಂಗಿಯ ಗುಂಡಿ ಹಾಕಿಕೊಂಡರು. ದನಿ ಬೆಣ್ಣೆಯಾಗಿತ್ತು.

"ಇದು ಈ ಹುಡುಗನದೇ ಕೆಲಸ ಮೇಡಂ. ನಮ್ಮ ಅಳಿಯಂದಿರ ಹೆಸರು ಬಂದಿದ್ದು ಅಚ್ಚಿನವರ ತಪ್ಪು."

"ಹೌದು ಮೇಡಂ, ನಾನು ಈ ಕೋಣೆ ನೋಡಿದ್ದೇ ಇವತ್ತು!" ಎಂದ ಅಳಿಯ. ಆ ದಿನ ಅವನು ಆಡಿದ ಮೊದಲ ನಿಜ ಅದು.

ಮುಖ್ಯಸ್ಥರು ಕಡ್ಡಿಯ ಮುಂದೆ ಕಾಗದ, ಪೆನ್ನು ಹಿಡಿದರು. "ಆಗ್ಲೇ ಅಷ್ಟು ದೊಡ್ಡದಾಗಿ ಕೂಗಿದ್ಯಲ್ಲಪ್ಪ. ಈಗ ಬರ್ಕೊಡು, ಎಲ್ಲಾ ನಂದೇ ಅಂತ."

"ಗೋಡೆ ಆಚೆ ಇಣುಕಿ ನೋಡದೆ ಬರೆದದ್ದು ನನ್ನ ತಪ್ಪು ಸಾರ್, ಅದನ್ನ ಒಪ್ಕೋತೀನಿ," ಎಂದ ಕಡ್ಡಿ. "ಆದ್ರೆ ಎಲ್ಲಾ ನಂದೇ ಹೇಗಾಗತ್ತೆ? ಹೆಸರು ಹಾಕ್ಕೊಂಡೋರು ಅವರು. ಸೂಜಿ ಅಲ್ಲಾಡಿಸಿದೋರು ನೀವು. ನಾನು ನಿಂತು ನೋಡ್ದೋನು ಅಷ್ಟೇ. ಬರ್ಕೊಡಲ್ಲ."