ಮಾವಿನಕೊಪ್ಪಲಿನಲ್ಲಿ ನಾನು ಕಟ್ಟಿಸಿದ ತಂಗುದಾಣ

ಒಂದು ಊರಿನಲ್ಲಿ ಹೆಸರು ಉಳಿಸಿಕೊಳ್ಳುವುದು ಅಂಥ ಕಷ್ಟದ ಕೆಲಸವೇನಲ್ಲ ಎಂದು ನಾನು ಬಹಳ ದಿನ ನಂಬಿದ್ದೆ. ಒಂದಿಷ್ಟು ಸಿಮೆಂಟು, ಒಂದಿಷ್ಟು ಒಳ್ಳೆಯ ಮನಸ್ಸು, ಹೆಸರು ಕೆತ್ತಿಸಲು ಒಂದು ಕಲ್ಲು ಇದ್ದರೆ ಸಾಕು. ನನ್ನ ಹತ್ತಿರ ಎಲ್ಲವೂ ಇತ್ತು. ಹೆಸರೂ ಉಳಿಯಿತು. ಆದರೆ ಅದು ಉಳಿದ ರೀತಿಯನ್ನು ನೆನೆದರೆ ಈಗಲೂ ನನ್ನ ಹೆಂಡತಿ ಜಯಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಅಡುಗೆಮನೆಗೆ ಹೋಗುತ್ತಾಳೆ.

ತೊಂಬತ್ತರ ದಶಕದ ಮಾತು. ನಾಗಮಂಗಲದ ಪೇಟೆಬೀದಿಯಲ್ಲಿ ನನ್ನದೊಂದು ಪಂಪ್‌ಸೆಟ್ಟು, ಪೈಪುಗಳ ಅಂಗಡಿ. ಹಾಗಾಗಿ ಊರವರ ಬಾಯಲ್ಲಿ ನಾನು ಪೈಪ್ ಪುಟ್ಟಸ್ವಾಮಿ. ನಮ್ಮಲ್ಲಿ ಒಂದು ಸೇವಾ ಕ್ಲಬ್ಬು ಇತ್ತು. ಸಮಯಪಾಲನೆ ಅದರ ಮೊದಲನೆಯ ಮೌಲ್ಯ. ಸಭೆ ಆರು ಗಂಟೆಗೆ ಎಂದರೆ ಎಲ್ಲ ಸದಸ್ಯರೂ ಏಳು ಗಂಟೆಗೆ ಸರಿಯಾಗಿ ಬಂದುಬಿಡುತ್ತಿದ್ದರು, ಒಬ್ಬರೂ ಹಿಂದೆ ಮುಂದೆ ಆಗುತ್ತಿರಲಿಲ್ಲ. ಅಧ್ಯಕ್ಷರು ಮೇಜಿನ ಮೇಲಿನ ಗಂಟೆ ಬಾರಿಸುತ್ತಿದ್ದರು. ನಾವೆಲ್ಲ ಎದ್ದು ನಿಂತು, ಎದೆಯ ಮೇಲೆ ಕೈಯಿಟ್ಟು, ನಿಸ್ವಾರ್ಥ ಸೇವೆಯ ಪ್ರತಿಜ್ಞೆ ಹೇಳುತ್ತಿದ್ದೆವು. ಪ್ರತಿಜ್ಞೆಯ ಕೊನೆಯ ಸಾಲಿಗೆ ಬರುವ ಹೊತ್ತಿಗೆ ಪಕ್ಕದ ಹೋಟೆಲಿನಿಂದ ಬಜ್ಜಿಯ ವಾಸನೆ ಬರುತ್ತಿತ್ತು. ಧ್ವನಿ ತಾನಾಗಿಯೇ ಗದ್ಗದವಾಗುತ್ತಿತ್ತು.

ತಮಾಷೆ ಮಾಡಿದೆನೆಂದು ಕೆಲಸವೇ ನಡೆಯುತ್ತಿರಲಿಲ್ಲ ಅಂದುಕೊಳ್ಳಬೇಡಿ. ಮೆಡಿಕಲ್ ಸ್ಟೋರಿನ ಶಿವಲಿಂಗು ಕೆ.ಆರ್. ಪೇಟೆಯ ಗೆಳೆಯರ ಜೊತೆ ಸೇರಿ ಶೀಳನೆರೆಯಲ್ಲಿ ಕಣ್ಣಿನ ಶಿಬಿರ ಮಾಡಿಸಿದ್ದ. ಪೊರೆ ತೆಗೆಸಿಕೊಂಡ ಮುದುಕರು ಮೊಮ್ಮಕ್ಕಳ ಮುಖ ಸವರಿ ಸವರಿ ನೋಡಿದ್ದನ್ನು ನಾನೇ ಕಂಡಿದ್ದೇನೆ. ನನಗೂ ಕಣ್ಣು ತುಂಬಿ ಬಂದಿತ್ತು. ಅದರ ಹಿಂದೆಯೇ ಹೊಟ್ಟೆಯಲ್ಲಿ ಸಣ್ಣ ಉರಿಯೂ ಬಂತು. ಯಾಕೆಂದರೆ ಮುಂದಿನ ವರ್ಷದ ಅಧ್ಯಕ್ಷ ಪದವಿಗೆ ಇದ್ದವರು ಇಬ್ಬರೇ, ಶಿವಲಿಂಗು ಮತ್ತು ನಾನು.

ಅಧ್ಯಕ್ಷರಾದವರ ಕೊರಳಿಗೆ ನೀಲಿ ರೇಷ್ಮೆಯ ಪಟ್ಟಿ, ಅದರ ತುದಿಗೆ ಹಿತ್ತಾಳೆಯ ಪದಕ. ಅದು ನನ್ನ ಕೊರಳಿಗೆ ಹೇಗೆ ಕಾಣಬಹುದೆಂದು ಟವೆಲ್ಲನ್ನು ಮಡಿಸಿ ಹಾಕಿಕೊಂಡು, ಕನ್ನಡಿಯ ಮುಂದೆ ಗಂಭೀರವಾಗಿ ನಿಂತು ನೋಡುತ್ತಿದ್ದೆ.

"ರೀ, ಸ್ನಾನಕ್ಕೆ ಹೋಗ್ತೀರೋ, ಒಲೆ ಆರಿಸ್ಲೋ?" ಎಂದಳು ಜಯಮ್ಮ.

ಕ್ಲಬ್ಬಿನ ನಿಯಮದ ಪ್ರಕಾರ ಅಧ್ಯಕ್ಷನಾಗುವವನು ಒಂದಾದರೂ ಶಾಶ್ವತ ಯೋಜನೆ ಮಾಡಿರಬೇಕು. ಶಿಬಿರ ಶಾಶ್ವತವಲ್ಲ, ಸಂಜೆಗೆ ಶಾಮಿಯಾನ ಬಿಚ್ಚುತ್ತಾರೆ. ಕಟ್ಟಡ ಶಾಶ್ವತ! ನಾನು ಬಸ್ ತಂಗುದಾಣ ಕಟ್ಟಿಸುವುದೆಂದು ತೀರ್ಮಾನಿಸಿದೆ. ಊರು ಹುಡುಕುವುದೂ ಕಷ್ಟವಾಗಲಿಲ್ಲ. ಹೊಣಕೆರೆ ರಸ್ತೆಯಲ್ಲಿರುವ ಮಾವಿನಕೊಪ್ಪಲಿನ ಜನ ಬಿಸಿಲಲ್ಲಿ ಮಳೆಯಲ್ಲಿ ಅರಳಿಮರದ ಕೆಳಗೆ ಬಸ್ಸಿಗೆ ಕಾಯುವುದನ್ನು ಮೋಟಾರು ಇಳಿಸಲು ಹೋದಾಗಲೆಲ್ಲ ನೋಡಿದ್ದೆ.

ಜಾಗ ನೋಡಲು ನನ್ನ ಜೊತೆ ಬಂದವನು ಅಮೀರ್ ಜಾನ್. ವೆಲ್ಡಿಂಗ್ ಅಂಗಡಿಯವನು, ಕ್ಲಬ್ಬಿನ ಸದಸ್ಯ, ನನ್ನ ಬಾಲ್ಯದ ಗೆಳೆಯ. ಅರಳಿಮರದ ಸುತ್ತ ಮನೆಗಳು, ತಿಪ್ಪೆ, ಹಾಲಿನ ಡೈರಿ ಎಲ್ಲ ಒತ್ತಿಕೊಂಡಿದ್ದವು. ಅಲ್ಲಿ ಕಟ್ಟುವಂತಿರಲಿಲ್ಲ. ಆದರೆ ಊರು ದಾಟಿದ ಮೇಲೆ, ಹೊಣಕೆರೆ ಕಡೆಗೆ, ರಸ್ತೆಯ ಪಕ್ಕದಲ್ಲೇ ಒಂದು ಜಾಗ ನೋಡಿದೆ. ಚೊಕ್ಕಟ, ಮಟ್ಟಸ. ಒಂದು ಮುಳ್ಳಿಲ್ಲ, ಒಂದು ಹುಲ್ಲಿನ ಮೆದೆಯಿಲ್ಲ. ನಮ್ಮ ಕಡೆ ರಸ್ತೆಬದಿಯಲ್ಲಿ ಖಾಲಿ ಜಾಗ ಕಂಡರೆ ಯಾರಾದರೊಬ್ಬರು ಸಗಣಿಯನ್ನಾದರೂ ಹಾಕಿ ಹಕ್ಕು ಸಾಧಿಸುತ್ತಾರೆ. ಇಲ್ಲಿ ಅದೂ ಇಲ್ಲ! ನಡುವೆ ಎರಡು ಚಪ್ಪಡಿ ಕಲ್ಲು ಬೇರೆ ಇದ್ದವು, ಯಾರೋ ನಮಗಾಗಿಯೇ ತಂದು ಇಟ್ಟಂತೆ.

ಅಮೀರ್ ಜಾನ್ ಸುತ್ತ ನೋಡಿ, "ಪುಟ್ಟಣ್ಣ, ಇಷ್ಟು ಒಳ್ಳೆ ಜಾಗನ ಇಷ್ಟು ದಿನ ಯಾರೂ ಮುಟ್ಟಿಲ್ಲ ಅಂದ್ರೆ ಕುಛ್ ತೋ ಹೈ ಭಾಯ್, ಏನೋ ಇದೆ. ಒಂದ್ಮಾತು ಕೇಳು" ಎಂದ.

ನಾನು ಕೇಳಿದೆ. ಊರಿನ ಯಜಮಾನ ಬೋರೇಗೌಡರ ಮನೆಗೆ ಹೋಗಿ, ಮಜ್ಜಿಗೆ ಕುಡಿದು, ಒಬ್ಬ ವಕೀಲ ಕೇಳುವಂತೆ ಕೇಳಿದೆ. ಆ ಜಾಗ ಯಾರದಾದರೂ ಸ್ವಂತವೇ, ದಾಯಾದಿಗಳ ವ್ಯಾಜ್ಯ ಇದೆಯೇ, ನಾವು ಕಟ್ಟಿದರೆ ಯಾರಾದರೂ ತಕರಾರು ತೆಗೆಯುತ್ತಾರೆಯೇ ಎಂದೆಲ್ಲ. ಗೌಡರು ಪ್ರತಿಯೊಂದಕ್ಕೂ ಇಲ್ಲ ಎಂದು ತಲೆಯಾಡಿಸಿದರು.

"ಅದು ಯಾರ್ದೂ ಅಲ್ಲ ಕಣಣ್ಣ, ಎಲ್ಲಾರ್ದೂವೆ. ಮಾಡ್ಸಿ, ಪುಣ್ಯ ಬತ್ತದೆ" ಎಂದರು.

ಅಲ್ಲಿ ಏನು ನಡೆಯುತ್ತದೆ ಎಂಬ ಒಂದೇ ಒಂದು ಪ್ರಶ್ನೆ ನನ್ನ ತಲೆಗೆ ಹೊಳೆಯಲಿಲ್ಲ. ಏನೂ ನಡೆಯದ ಜಾಗ ಅಷ್ಟು ಚೊಕ್ಕಟವಾಗಿ ಏಕಿರುತ್ತದೆ ಎಂದೂ ಹೊಳೆಯಲಿಲ್ಲ. ತಲೆಯ ತುಂಬ ಪದಕ ನೇತಾಡುತ್ತಿತ್ತು.

ಕೆಲಸ ಶುರುವಾಯಿತು. ಊರಿನ ಜನ ತಂದುಕೊಟ್ಟ ಮರಳು, ನೀರು, ಆಳು ಸಹಾಯ ನೋಡಿ ನಾನು ಬೆರಗಾದೆ. ಅಮೀರ್ ಜಾನ್ ಕಂಬ ನಿಲ್ಲಿಸಿ ಶೀಟು ಹೊದಿಸಿದ. ಎರಡು ಚಪ್ಪಡಿಯನ್ನೂ ಜೋಡಿಸಿ ಉದ್ದನೆಯ, ಅಗಲವಾದ ಜಗಲಿ ಮಾಡಿಸಿದೆ. ಮೇಸ್ತ್ರಿ ಬಸ್ಸಿಗೆ ಕಾಯಲು ಇಷ್ಟು ಅಗಲ ಯಾಕೆಂದು ಕೇಳಿದ. ಬೇಕಾದವರು ಮಲಗಲಿ ಬಿಡು ಎಂದೆ.

ಊರಿನಲ್ಲೆಲ್ಲ ಹಿರಿಯಳು ನಿಂಗಜ್ಜಿ ಕೋಲೂರಿಕೊಂಡು ಬಂದು, ಜಗಲಿಯ ಮೇಲೆ ಕೂತು, ಕೈಯಲ್ಲಿ ಕಲ್ಲು ಸವರಿ ನೋಡಿದಳು.

"ತಣ್ಣಗದೆ ಕಣ್ಲಾ ಮಗ. ನೆಳ್ಳು ಚೆನ್ನಾಗದೆ. ಮೊದ್ಲು ನಾನೇ ಬತ್ತೀನಿ ಬುಡು" ಎಂದಳು.

ಬೋರೇಗೌಡರು ಅವಳನ್ನು ಗದರಿದರು. ಯಾಕೆ ಗದರಿದರೋ ನನಗೆ ತಿಳಿಯಲಿಲ್ಲ. ನಾನಂತೂ ಕೈಮುಗಿದು, "ಖಂಡಿತ ಬಾ ಅಜ್ಜಿ, ನಿನ್ನ ಕೈಯಿಂದಲೇ ದೀಪ ಹಚ್ಚಿಸ್ತೀನಿ" ಎಂದು ವಚನ ಕೊಟ್ಟೆ.

ಕಲ್ಲೂ ಬಂತು. ಕ್ಲಬ್ಬಿನ ಹೆಸರು ಸಣ್ಣದಾಗಿ, ನನ್ನ ಹೆಸರು ದಪ್ಪಕ್ಷರದಲ್ಲಿ ಇತ್ತು. ಕೆತ್ತುವವನಿಗೆ ಜಾಗ ಸಾಲಲಿಲ್ಲವಂತೆ, ಅದಕ್ಕೇ ಕ್ಲಬ್ಬಿನದು ಸಣ್ಣದಾಯಿತೆಂದು ಸಭೆಯಲ್ಲಿ ವಿವರಣೆ ಕೊಟ್ಟೆ. ಯಾರೂ ನಂಬಲಿಲ್ಲ.

ಉದ್ಘಾಟನೆಗೆ ಮೈಸೂರಿನಿಂದ ಕ್ಲಬ್ಬಿನ ಜಿಲ್ಲಾಧ್ಯಕ್ಷರು ಬರುವವರಿದ್ದರು. ಅದೇ ವೇದಿಕೆಯಲ್ಲಿ ಮುಂದಿನ ಅಧ್ಯಕ್ಷನ ಹೆಸರನ್ನೂ ಅವರೇ ಹೇಳುತ್ತಾರೆಂದು ತಿಳಿದಿತ್ತು. ಅವರನ್ನು ಕಾರಿನಿಂದ ತಂಗುದಾಣದವರೆಗೆ ಮೆರವಣಿಗೆಯಲ್ಲಿ ಕರೆತರಲು ಅದೇ ಊರಿನ ತಮಟೆಯವರನ್ನು ಗೊತ್ತುಮಾಡಿದೆ. ಹತ್ತೂವರೆಗೆ ಸರಿಯಾಗಿ ಇರಬೇಕು, ಜೋರಾಗಿ ಬಾರಿಸಬೇಕು, ಕುಣಿಯುವವರೂ ಇರಲಿ ಎಂದು ಅವರ ಮುಂದಾಳು ಸಿದ್ದಯ್ಯನಿಗೆ ಒತ್ತಿ ಹೇಳಿದೆ.

ಆ ದಿನ ಬೆಳಗ್ಗೆ ನಾವೆಲ್ಲ ಬಿಳಿಯ ಪ್ಯಾಂಟು ಬಿಳಿಯ ಶರಟಿನಲ್ಲಿ ಇಸ್ತ್ರಿ ಮಾಡಿದಂತೆ ನಿಂತಿದ್ದೆವು. ತಂಗುದಾಣದ ಕಂಬಗಳಿಗೆ ಮಾವಿನ ತೋರಣ, ಅಡ್ಡಕ್ಕೆ ಕೆಂಪು ಟೇಪು. ತಟ್ಟೆಯಲ್ಲಿ ಕತ್ತರಿ. ಮೈಕು ನನ್ನ ಕೈಯಲ್ಲಿ. ಆದರೆ ಊರಿನವರು ಒಬ್ಬರೂ ಕಾಣಲಿಲ್ಲ. ಶಿವಲಿಂಗು ಖಾಲಿ ಕುರ್ಚಿಗಳನ್ನು ನೋಡಿ ನೋಡಿ ನಗು ಒತ್ತಿ ಹಿಡಿಯುತ್ತಿದ್ದ. ನನಗೆ ಬೆವರು ಕಿತ್ತುಕೊಂಡಿತು.

ಅಷ್ಟರಲ್ಲಿ ಊರೊಳಗಿನಿಂದ ತಮಟೆ ಕೇಳಿಸಿತು. ಜೀವ ಬಂದಂತಾಯಿತು. ನೋಡಿದರೆ ಇಡೀ ಊರಿಗೆ ಊರೇ ಹರಿದು ಬರುತ್ತಿದೆ! ಮುಂದೆ ಸಿದ್ದಯ್ಯನ ತಂಡ, ಅವರ ಮುಂದೆ ಮೈಮರೆತು ಕುಣಿಯುವ ಹುಡುಗರು, ಹಿಂದೆ ಜನ. ನಡುವೆ ಯಾವುದೋ ಎತ್ತರದ ಹೂವಿನ ಅಲಂಕಾರ. ನಾನು ಹೇಳಿದ್ದಕ್ಕಿಂತ ಹೆಚ್ಚಿಗೆಯೇ ಮಾಡಿದ್ದಾರಲ್ಲ ಎಂದು ನನ್ನ ಎದೆ ಉಬ್ಬಿತು. ಶಿವಲಿಂಗುವಿನ ಕಡೆ ಒಮ್ಮೆ ತಿರುಗಿ ನೋಡಿದೆ. ಅವನ ನಗು ನಿಂತಿತ್ತು.

ಅದೇ ಗಳಿಗೆಗೆ ಎದುರುಗಡೆಯಿಂದ ಜಿಲ್ಲಾಧ್ಯಕ್ಷರ ಕಾರೂ ಬಂತು. ಕೋಟು ಟೈ ಹಾಕಿದ್ದ ಅವರು ಇಳಿದು, ಜನಸಾಗರ ನೋಡಿ ಮುಖವರಳಿಸಿ, ಎರಡೂ ಕೈ ಜೋಡಿಸಿ ಮೆರವಣಿಗೆಗೆ ಎದುರಾಗಿ ನಡೆದರು. ಮೈಮೇಲೆ ಪುರಿ ಬಂದು ಬಿತ್ತು. ಅಕ್ಷತೆಯೆಂದು ತಲೆಬಾಗಿ ಸ್ವೀಕರಿಸಿದರು. ಕುಣಿಯುತ್ತಿದ್ದ ಹುಡುಗನೊಬ್ಬ ಕೈ ಹಿಡಿದೆಳೆದಾಗ ಬೇಡವೆನ್ನದೆ ತಮಟೆಯ ಏಟಿಗೆ ಎರಡು ಹೆಜ್ಜೆಯನ್ನೂ ಹಾಕಿದರು. ಆಮೇಲೆ ಹೂವಿನ ಅಲಂಕಾರ ನೋಡಿ ನನ್ನ ಕಡೆ ತಿರುಗಿ, "ಓ, ದೇವರನ್ನೂ ಹೊರಡಿಸಿದ್ದೀರಾ ಪುಟ್ಟಸ್ವಾಮಿಯವರೇ!" ಎಂದು ಕೆನ್ನೆ ಕೆನ್ನೆ ಬಡಿದುಕೊಂಡರು.

ನಾನು ಆಗಲೇ ಮೈಕಿನಲ್ಲಿ ಬಾಯಿಪಾಠದ ಸ್ವಾಗತ ಶುರುಮಾಡಿದ್ದೆ. "ತಮ್ಮ ಪಾದಸ್ಪರ್ಶದಿಂದ ಈ ತಂಗುದಾಣ ಇಂದು ಪಾವನವಾಗಲಿದೆ..."

ಪಾದ ಕಾಣಿಸಿತು. ಎರಡೂ ಹೆಬ್ಬೆರಳು ಸೇರಿಸಿ ಬಿಳಿಯ ದಾರ ಕಟ್ಟಿತ್ತು.

ನಿಂಗಜ್ಜಿ ಹೇಳಿದ್ದಂತೆಯೇ ಮೊದಲು ಬಂದಿದ್ದಳು. ರಾತ್ರಿ ಮಲಗಿದವಳು ಮುಂಜಾನೆ ಏಳಲಿಲ್ಲವಂತೆ. ಮರಿಮಕ್ಕಳನ್ನು ಕಂಡ ತುಂಬು ಜೀವ, ಅಳುವವರಿಗಿಂತ ಕುಣಿಯುವವರೇ ಹೆಚ್ಚಿದ್ದರು.

ನಾನು ಮೈಕು ಕೆಳಗಿಳಿಸಿದೆ. ಸಿದ್ದಯ್ಯ ತಮಟೆಯನ್ನು ಕೊಂಚ ತಗ್ಗಿಸಿ, ಹತ್ತಿರ ಬಂದು, "ಅಣ್ಣೋ, ಬೇಜಾರು ಮಾಡ್ಕಬ್ಯಾಡಿ. ಎಲ್ಡೂ ಒಂದೇ ಜಾಗಕ್ಕೆ ತಾನೆ, ಒಂದೇ ಸಲ ಬಂದ್ಬುಟ್ಟೊ" ಎಂದ.

ಚಟ್ಟ ಹೊತ್ತವರು ತಂಗುದಾಣದ ಮುಂದೆ ಬಂದು, ಕೆಂಪು ಟೇಪಿಗೆ ಎದುರಾಗಿ ನಿಂತರು. ಬೋರೇಗೌಡರು ಹೆಗಲ ಟವೆಲ್ಲು ಸರಿಮಾಡಿಕೊಂಡು ನನ್ನ ಹತ್ತಿರ ಬಂದರು.

"ಅಣ್ಣ, ಟೇಪು ಬಿಚ್ಚಿ. ಅಜ್ಜಿನ ಇಳಿಸ್ಬೇಕು."

"ಇಲ್ಲಿ ಯಾಕೆ ಗೌಡ್ರೆ?"

"ಇನ್ನೆಲ್ಲಿ ಇಳಿಸಾದು? ನಮ್ಮ ತಾತನ ಕಾಲ್ದಿಂದ್ಲೂ ಇಲ್ಲೇ ಇಳ್ಸಿ, ದಿಕ್ಕು ತಿರುಗ್ಸಿ, ಹೆಗಲು ಬದಲಾಯ್ಸಿ ಹೊಲದ ಕಡೀಕೆ ಹೋಗಾದು."

ಸ್ಮಶಾನಕ್ಕೆ ಹೋಗುವ ಅರ್ಧ ದಾರಿಯಲ್ಲಿ ಚಟ್ಟ ಇಳಿಸುವ ಜಾಗವೊಂದು ಪ್ರತಿ ಊರಿಗೂ ಇರುತ್ತದೆ. ನಮ್ಮ ಅಜ್ಜನನ್ನೂ ಹಾಗೇ ಇಳಿಸಿದ್ದರು, ನಾನೇ ಕಣ್ಣಾರೆ ನೋಡಿದ್ದೆ. ಆದರೆ ಮಾವಿನಕೊಪ್ಪಲಿಗೂ ಅಂಥದೊಂದು ಇರಬಹುದೆಂದು ಮಾತ್ರ ಹೊಳೆದಿರಲಿಲ್ಲ.

"ಗೌಡ್ರೆ, ನಾನು ಅಷ್ಟೆಲ್ಲ ಕೇಳಿದಾಗ ಒಂದು ಮಾತು ಹೇಳಬಾರದಿತ್ತಾ? ಇದು ಬಸ್ಸಿನ ತಂಗುದಾಣ!"

ಬೋರೇಗೌಡರು ನನ್ನನ್ನು ಪಾಪ ಅನ್ನುವಂತೆ ನೋಡಿದರು. "ಇಲ್ಲಿ ಬಸ್ಸು ನಿಲ್ಲಾಕಿಲ್ಲ ಅಂತ ಮಗೀಗೂ ಗೊತ್ತು ಕಣಣ್ಣ. ನೀವು ಇಲ್ಲೇ ಕಟ್ತೀನಿ ಅಂದ್ರಿ. ಮಳೇಲಿ ಹೆಣ ನೆನೀತದೆ, ಅದ್ಕೆ ನೆಳ್ಳು ಮಾಡ್ತಾವ್ರೆ, ಬಾಯ್ಬುಟ್ಟು ಅನ್ನಕೆ ಸಂಕೋಚಕ್ಕೆ ಬಸ್ಸು ಅಂತಾವ್ರೆ ಅನ್ಕಂಡೊ."

ಅಮೀರ್ ಜಾನ್ ಕಂಬದ ಹಿಂದೆ ಹೋಗಿ ನಿಂತ. ಅವನ ಭುಜ ಕುಲುಕುತ್ತಿತ್ತು.

ಉದ್ಘಾಟನೆಯಾಗದೆ ಒಳಗೆ ಬಿಡುವುದು ಹೇಗೆ ಎಂದು ನಾನು ತೊದಲಿದೆ. ಗೌಡರು ಅಜ್ಜಿಗೆ ಕಾಯಲು ಹೇಳಲೇ ಎಂದು ಕೇಳಿದರು. ಅಷ್ಟರಲ್ಲಿ ಜಿಲ್ಲಾಧ್ಯಕ್ಷರು ದೊಡ್ಡ ಮನುಷ್ಯರೆಂಬುದನ್ನು ತೋರಿಸಿಕೊಟ್ಟರು. ಕೋಟಿನ ಮೇಲಿದ್ದ ಪುರಿ ಕೊಡವಲೂ ಇಲ್ಲ. ನೇರ ಬಂದು ತಟ್ಟೆಯಿಂದ ಕತ್ತರಿ ತೆಗೆದುಕೊಂಡು ಟೇಪು ಕತ್ತರಿಸಿ, ಪಕ್ಕಕ್ಕೆ ಸರಿದು ನಿಂತರು. ಕ್ಲಬ್ಬಿನವರಲ್ಲಿ ಯಾರೋ ಅಭ್ಯಾಸಬಲದಿಂದ ಚಪ್ಪಾಳೆ ತಟ್ಟಿಬಿಟ್ಟರು. ನಿಂಗಜ್ಜಿಯನ್ನು ಒಳಗೆ ತಂದು ಜಗಲಿಯ ಮೇಲೆ ಇಳಿಸಿದರು. ಅಳತೆ ಕೊಟ್ಟು ಮಾಡಿಸಿದಂತೆ ಸರಿಹೋಯಿತು! ಜಿಲ್ಲಾಧ್ಯಕ್ಷರಿಗೆಂದು ಮೈಸೂರಿನಿಂದ ತರಿಸಿದ್ದ ಮಲ್ಲಿಗೆ ಹಾರವನ್ನು ಅವರೇ ನನ್ನ ಕೈಯಿಂದ ತೆಗೆದು ಅಜ್ಜಿಯ ಎದೆಯ ಮೇಲೆ ಇಟ್ಟರು.

ಆ ಕ್ಷಣದಲ್ಲಿ ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ತಣ್ಣಗಿದೆ ಎಂದು ಕಲ್ಲು ಸವರಿದ್ದ ಕೈ ಅಲ್ಲೇ ಪಕ್ಕದಲ್ಲಿತ್ತು. ದೀಪ ಹಚ್ಚಿಸುತ್ತೇನೆಂದು ಮಾತು ಕೊಟ್ಟಿದ್ದೆನಲ್ಲ, ವೇದಿಕೆಯ ದೀಪವನ್ನು ತಂದು ಅವಳ ತಲೆಯ ಹತ್ತಿರ ನಾನೇ ಹಚ್ಚಿಟ್ಟೆ.

ದಿಕ್ಕು ತಿರುಗಿಸಿ ಮತ್ತೆ ಎತ್ತುವಾಗ ಒಂದು ಹೆಗಲು ಕಡಿಮೆ ಬಿತ್ತು. ಎಲ್ಲರೂ ನನ್ನ ಮುಖ ನೋಡಿದರು. ಕೊಟ್ಟೆ. ಹೊಲದವರೆಗೆ ಹೊತ್ತು ಬರುವಷ್ಟರಲ್ಲಿ ಬಿಳಿಯ ಶರಟು ಕೆಂಪು ಮಣ್ಣಾಗಿತ್ತು, ಶಾಮಿಯಾನ ಬಿಚ್ಚಿಯಾಗಿತ್ತು. ಅಧ್ಯಕ್ಷ ಪದವಿ ಶಿವಲಿಂಗುವಿಗೆ ಹೋಗಿತ್ತು. ತಿಂಡಿಯ ಪೊಟ್ಟಣಗಳೂ ಮುಗಿದಿದ್ದವು.

ಮನೆಗೆ ಬಂದು ಬಚ್ಚಲಿನ ಹೊರಗೆ ನಿಂತೇ ಜಯಮ್ಮನಿಗೆ ಎಲ್ಲ ಹೇಳಿದೆ. ಅವಳು ಹಂಡೆಯಿಂದ ಬಿಸಿನೀರು ತೋಡಿಟ್ಟಳು. ಆಮೇಲೆ, "ಅಲ್ಲಾ ಕಣ್ರೀ, ಹೆಣ ಇಳಿಸೋ ಜಾಗದಲ್ಲಿ ದಪ್ಪಕ್ಷರದಲ್ಲಿ ನಿಮ್ಮ ಹೆಸರಿನ ಕಲ್ಲು ನಿಲ್ಲಿಸಿ ಬಂದಿದೀರಲ್ಲ, ನೋಡಿದೋರು ಏನಂದ್ಕೋತಾರೆ?" ಎಂದಳು.

ಅದರ ಉತ್ತರ ಮಳೆಗಾಲದಲ್ಲಿ ಸಿಕ್ಕಿತು. ಒಂದು ಸಂಜೆ ಮಾವಿನಕೊಪ್ಪಲಿನ ಆಚೆಯ ತೋಟದಲ್ಲಿ ಮೋಟಾರು ಕೂರಿಸಿ ಬರುತ್ತಿದ್ದೆ. ಜಡಿಮಳೆ ಹಿಡಿಯಿತು. ಓಡಿ ಹೋಗಿ ನನ್ನ ತಂಗುದಾಣದೊಳಗೆ ನಿಂತೆ. ಒಂದು ತೊಟ್ಟು ನೀರು ಸೋರಲಿಲ್ಲ, ಅಮೀರ್ ಜಾನ್ ಅಷ್ಟು ಚೆನ್ನಾಗಿ ಶೀಟು ಹೊದಿಸಿದ್ದ. ಹೆಗಲ ಮೇಲಿದ್ದ, ನೆನೆದ ಬಿಳಿಯ ಪಂಚೆಯನ್ನು ತಲೆಯ ಮೇಲೆ ಹೊದ್ದುಕೊಂಡು ಕಾದೆ. ಹೊಣಕೆರೆ ಕಡೆಯಿಂದ ಬಸ್ಸು ಬಂತು. ದೀಪದ ಬೆಳಕು ನನ್ನ ಮೇಲೆ ಬಿತ್ತು. ನಾನು ಖುಷಿಯಿಂದ ಎರಡೂ ಕೈ ಎತ್ತಿ ಬೀಸಿದೆ.

ಆ ಬಸ್ಸು ಅಷ್ಟು ಜೋರಾಗಿ ಓಡಬಲ್ಲದೆಂದು ಅದನ್ನು ಮಾಡಿದ ಕಂಪನಿಗೂ ಗೊತ್ತಿರಲಿಕ್ಕಿಲ್ಲ!

ಕೆಸರಿನಲ್ಲಿ ಓಡಿ, ಅರಳಿಮರದ ಹತ್ತಿರ ಜನ ಹತ್ತುತ್ತಿದ್ದಾಗ ಹೇಗೋ ಹಿಡಿದೆ. ಒಳಗೆ ಡ್ರೈವರು ಹೆಗಲ ಟವೆಲ್ಲಿನಿಂದ ಕತ್ತು ಒರೆಸಿಕೊಳ್ಳುತ್ತಿದ್ದ. ಕಂಡಕ್ಟರು ಅವನಿಗೆ ನೀರಿನ ಬಾಟಲಿ ಕೊಟ್ಟು ಎಲ್ಲರಿಗೂ ಕೇಳುವಂತೆ ಹೇಳುತ್ತಿದ್ದ.

"ಪುಟ್ಸಾಮಿ ಕಲ್ಲಿನ ತಾವ ಕಣ್ರಪ್ಪ. ಬೆಳ್ಳಗೆ ಹೊದ್ಕಂಡು ನಿಂತಿತ್ತು. ಎಲ್ಡು ಕೈಲೂ ಬಾ ಬಾ ಅಂತ ಕರೀತಿತ್ತು. ನಾನೂ ಕಂಡೆ."

"ಯಾರ್ದೋ ದೆವ್ವ, ಪಾಪ" ಎಂದಳು ಮುಂದಿನ ಸೀಟಿನ ಹೆಂಗಸು.

"ಇನ್ಯಾರ್ದು? ಪುಟ್ಸಾಮಿದೇ. ಹೆಸ್ರು ಬರ್ಸವ್ರಲ್ಲ ಅಲ್ಲೇ, ಕಲ್ಲ ಮ್ಯಾಲೆ. ಎಲ್ಲೋ ಬಸ್ಸಿನಡಿಗೆ ಸಿಕ್ಕಿ ಹೋಗಿರ್ಬೇಕು, ಅದ್ಕೇ ಬಸ್ಸೇ ಬೇಕಂತದೆ" ಎಂದು ಕಂಡಕ್ಟರು ನನ್ನ ಹತ್ತಿರ ಬಂದು ಟಿಕೆಟ್ಟಿನ ಕಟ್ಟು ತೆಗೆದ. "ಎಲ್ಲಿಗೆ ಯಜಮಾನ್ರೆ? ಯಾವೂರು, ಹೆಸ್ರೇನು? ಇಂಗ್ಯಾಕೆ ನೆಂದೋಗಿದ್ದೀರಿ?"

ನಾಗಮಂಗಲಕ್ಕೆ ಒಂದು ಟಿಕೆಟ್ಟು ಎಂದೆ. ಹೆಸರು ಶಿವಲಿಂಗು ಎಂದೆ.